ಶನಿವಾರ ರಾತ್ರಿಯ ನಿಶ್ ನಿಲ್ದಾಣ

ಹುಬ್ಬಳ್ಳಿಯಿಂದ ಸೊಲ್ಲಾಪುರದತ್ತ ಹೊರಟ ರೈಲು ಗದಗ ದಾಟಿ, ಬಾದಾಮಿ ಮುಟ್ಟುವ ಮೊದಲು ಸಿಗುವ ಊರು ರೋಣ ತಾಲೂಕಿನ ಹೊಳೆಆಲೂರು. ಮಲಪ್ರಭೆಯ ದಂಡೆಯ ಮೇಲಿರುವುದರಿಂದ ಹೆಸರಿನಲ್ಲೇ ಹೊಳೆ ಸೇರಿಕೊಂಡಿದೆ. ಧಾರವಾಡ, ಹುಬ್ಬಳ್ಳಿ, ಗದಗಗಳಲ್ಲಿ ಓದುವ ಈ ಭಾಗದ ಹುಡುಗರಿಗೆ ಶನಿವಾರವೆಂದರೆ ಒಗೆಯುವ ಬಟ್ಟೆಯನ್ನೆಲ್ಲ ಚೀಲಕ್ಕೆ ತುರುಕಿ ರೈಲು ಹತ್ತುವ ದಿನ. ಹತ್ತಿದ ಮೇಲೆ ಮನಸ್ಸು ಬದಲಾಗಿ, ಊರಿನ ನಿಲ್ದಾಣದಲ್ಲಿ ಇಳಿಯದೆ ನೇರವಾಗಿ ಬಾದಾಮಿಗೆ ಹೋಗಿ ಗುಹೆಗಳನ್ನು ನೋಡಿಬಂದವರೂ ಉಂಟು. ಜೇಬಿನಲ್ಲಿ ಹೆಚ್ಚು ದುಡ್ಡಿಲ್ಲದಿದ್ದರೂ ದೊಡ್ಡ ತೊಂದರೆಯೇನಿಲ್ಲ. ಯಾರದೋ ಮಾವನ ಮನೆ, ಯಾರದೋ ಗೆಳೆಯನ ಮನೆ ಹತ್ತಿರದಲ್ಲೇ ಇರುತ್ತದೆ. ಎರಡು ಜೋಳದ ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿಗೆ ಈ ಕಡೆ ಯಾರೂ ಲೆಕ್ಕ ಬರೆದಿಡುವುದಿಲ್ಲ.

ಇದೇ ಹುಡುಗ ನಾಳೆ ಯುರೋಪಿಗೆ ಓದಲು ಹೋದರೆ? ಈ ಪ್ರಶ್ನೆ ಈಗ ಬರಿಯ ಊಹೆಯದಲ್ಲ. 2023–24ರ ಚಳಿಗಾಲದ ಸತ್ರದಲ್ಲಿ ಜರ್ಮನಿಯೊಂದರಲ್ಲೇ ಸುಮಾರು 49 ಸಾವಿರ ಭಾರತೀಯ ವಿದ್ಯಾರ್ಥಿಗಳಿದ್ದರು. ಅಲ್ಲಿ ಓದುವ ಪರದೇಶದ ವಿದ್ಯಾರ್ಥಿಗಳ ಪೈಕಿ ಚೀನಾದವರನ್ನೂ ಹಿಂದೆ ಹಾಕಿದ ಸಂಖ್ಯೆಯಿದು. ಅವರಲ್ಲಿ ಹಲವರು ಬ್ಯಾಂಕಿನ ಸಾಲದ ಮೇಲೆ, ಹೊಲ ಅಡವಿಟ್ಟು ಬಂದ ಮನೆಗಳವರು. ಮಗ ಶುಕ್ರವಾರ ಸಂಜೆ ಫೋನು ಮಾಡಿ ‘ಮೂರು ದಿನ ಸೂಟಿ ಅದ, ಗೆಳೆಯರ ಜೊತೆ ಪ್ರಾಗ್‌ಗೆ ಹೊಂಟೀನಿ’ ಎಂದರೆ ತಂದೆ ತಾಯಿಗೆ ಮೊದಲು ನೆನಪಾಗುವುದು ಆ ಸಾಲವೇ. ಪ್ರಾಗ್ ಯಾವ ದೇಶದಲ್ಲಿದೆ ಎಂಬುದು ಆಮೇಲೆ.

ಈ ಭಾಗದಿಂದ ಯುರೋಪಿಗೆ ಓದಲು ಹೋದವರ ಸಾಲು ಹಳೆಯದೇ. ಗೋಕಾಕ ತಾಲೂಕಿನ ಮಮದಾಪುರದ ಡಿ. ಸಿ. ಪಾವಟೆ 1920ರ ದಶಕದಲ್ಲಿ ಕೇಂಬ್ರಿಜ್‌ಗೆ ಹೋಗಿ ಗಣಿತದಲ್ಲಿ ರ್‍ಯಾಂಗ್ಲರ್ ಆದರು, ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾದರು. ಸವಣೂರಿನ ವಿ. ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿವೇತನ ಪಡೆದು 1960ರಲ್ಲಿ ಅದೇ ಊರು ಸೇರಿದರು. ಆದರೆ ಯುರೋಪಿನ ರೈಲು ನಿಲ್ದಾಣದಲ್ಲಿ ಒಬ್ಬ ಕನ್ನಡಿಗ ಯುವಕ ಕಳೆದ ಒಂದು ವಾರಾಂತ್ಯದ ವಿಷಯ ಬಂದರೆ ನೆನಪಾಗಬೇಕಾದ ಹೆಸರು ಇವರದಲ್ಲ, ಎನ್. ಆರ್. ನಾರಾಯಣಮೂರ್ತಿಯವರದು.

ಅವರು ಆಗ ವಿದ್ಯಾರ್ಥಿಯಾಗಿರಲಿಲ್ಲ ಎಂಬುದು ನಿಜ. ಶಾಲಾ ಶಿಕ್ಷಕರೊಬ್ಬರ ಮಗ. ಮೈಸೂರಿನಲ್ಲಿ ಎಂಜಿನಿಯರಿಂಗ್, ಕಾನ್ಪುರದ ಐಐಟಿಯಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, 1970ರ ದಶಕದ ಮೊದಲ ವರ್ಷಗಳಲ್ಲಿ ಪ್ಯಾರಿಸ್ಸಿನಲ್ಲಿ ಕೆಲಸಕ್ಕಿದ್ದರು. ಷಾರ್ಲ್ ದ ಗಾಲ್ ವಿಮಾನ ನಿಲ್ದಾಣದ ಸರಕು ನಿರ್ವಹಣೆಗೆ ಗಣಕದ ವ್ಯವಸ್ಥೆ ಬರೆಯುವ ಕೆಲಸ. ವಯಸ್ಸು ಇನ್ನೂ ಮೂವತ್ತಾಗಿರಲಿಲ್ಲ. 1974ರಲ್ಲಿ ಊರಿಗೆ ಮರಳುವಾಗ ವಿಮಾನ ಹತ್ತಲಿಲ್ಲ. ಬೆನ್ನಿಗೊಂದು ಚೀಲ, ಮಲಗಲೊಂದು ಸ್ಲೀಪಿಂಗ್ ಬ್ಯಾಗ್ ಹಾಕಿಕೊಂಡು, ದಾರಿಯಲ್ಲಿ ಸಿಕ್ಕ ವಾಹನಗಳಿಗೆ ಕೈ ಮಾಡುತ್ತ ಪ್ಯಾರಿಸ್ಸಿನಿಂದ ಮೈಸೂರಿಗೆ ಹೊರಟುಬಿಟ್ಟರು! ಆ ಕಾಲದ ಯುರೋಪಿನ ಹುಡುಗರಿಗೆ ಇದೇನೂ ವಿಚಿತ್ರವಾಗಿರಲಿಲ್ಲ. ಮೈಸೂರಿನಲ್ಲಿದ್ದ ಮನೆಯವರಿಗೆ ಮಾತ್ರ ಮಗ ಯಾವ ದಿನ ಯಾವ ದೇಶದಲ್ಲಿದ್ದಾನೆಂದು ತಿಳಿಯುವ ದಾರಿಯೇ ಇರಲಿಲ್ಲ.

2007ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಘಟಿಕೋತ್ಸವದ ಭಾಷಣದಲ್ಲಿ ಅವರೇ ಈ ಪ್ರಯಾಣವನ್ನು ವಿವರಿಸಿದ್ದಾರೆ. ಪುಣ್ಯಾತ್ಮನಾದ ಚಾಲಕನೊಬ್ಬ ಅವರನ್ನು ಅಂದಿನ ಯುಗೊಸ್ಲಾವಿಯದ ನಿಶ್ ಎಂಬ ಊರಿನ ರೈಲು ನಿಲ್ದಾಣದಲ್ಲಿ ಇಳಿಸಿದಾಗ ಶನಿವಾರ ರಾತ್ರಿ ಒಂಬತ್ತು ಗಂಟೆ. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಹುಟ್ಟಿದ ಊರದು, ಇಂದು ಸರ್ಬಿಯಾದಲ್ಲಿದೆ. ನಿಲ್ದಾಣದ ಉಪಾಹಾರ ಗೃಹ ಮುಚ್ಚಿತ್ತು. ಮರುದಿನ ಭಾನುವಾರ, ಬ್ಯಾಂಕೂ ಮುಚ್ಚಿತ್ತು. ಅಲ್ಲಿನ ದಿನಾರ್ ನಾಣ್ಯ ಕೈಯಲ್ಲಿಲ್ಲ, ಬದಲಿಸಿಕೊಳ್ಳುವ ಉಪಾಯವಿಲ್ಲ. ಹೀಗಾಗಿ ಊಟವಿಲ್ಲ. ಭಾನುವಾರ ರಾತ್ರಿ ಎಂಟೂವರೆಗೆ ಸೋಫಿಯಾ ಎಕ್ಸ್‌ಪ್ರೆಸ್ ಬರುವ ತನಕ ಪ್ಲಾಟ್‌ಫಾರಂ ಮೇಲೆಯೇ ಮಲಗಿದರು.

ಡಬ್ಬಿಯಲ್ಲಿದ್ದವರು ಒಬ್ಬಳು ಹುಡುಗಿ, ಒಬ್ಬ ಹುಡುಗ. ಹುಡುಗಿಗೆ ಫ್ರೆಂಚ್ ಬರುತ್ತಿತ್ತು. ಮಾತಿಗೆ ಮಾತು ಬೆಳೆದು, ಉಕ್ಕಿನ ಪರದೆಯ ಹಿಂದಿನ ದೇಶದಲ್ಲಿ ಬದುಕುವ ಕಷ್ಟವನ್ನು ಅವಳು ಹೇಳಿಕೊಂಡಳು. ಜೊತೆಯ ಹುಡುಗನಿಗೆ ಇವರಿಬ್ಬರೂ ಬಲ್ಗೇರಿಯದ ಸರಕಾರವನ್ನು ಬೈಯುತ್ತಿದ್ದಾರೆ ಎನ್ನಿಸಿತು. ಅವನೇ ಪೊಲೀಸರನ್ನು ಕರೆತಂದನೆಂದು ಮೂರ್ತಿಯವರಿಗೆ ಆಮೇಲೆ ತಿಳಿಯಿತಂತೆ. ಹುಡುಗಿಯನ್ನು ಎಲ್ಲಿಗೋ ಕರೆದೊಯ್ದರು. ಇವರ ಚೀಲ, ಸ್ಲೀಪಿಂಗ್ ಬ್ಯಾಗ್ ಕಿತ್ತುಕೊಂಡು, ಎಂಟು ಅಡಿ ಉದ್ದ ಎಂಟು ಅಡಿ ಅಗಲದ ಕೋಣೆಗೆ ದೂಡಿದರು. ಕಲ್ಲಿನ ನೆಲ, ಮೂಲೆಯಲ್ಲಿ ಶೌಚಕ್ಕೊಂದು ರಂಧ್ರ. ಅನ್ನ ನೀರಿಲ್ಲದೆ 72 ಗಂಟೆಗೂ ಹೆಚ್ಚು ಕಾಲ ಅಲ್ಲಿದ್ದರು.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲೊಂದು ಕ್ಷಣ ನಿಲ್ಲಬೇಕು. ಸ್ಲೀಪಿಂಗ್ ಬ್ಯಾಗ್ ತಾನಾಗಿ ಬಿಸಿ ಕೊಡುವುದಿಲ್ಲ; ತನ್ನ ಪದರಗಳಲ್ಲಿ ಗಾಳಿಯನ್ನು ಅಲುಗದಂತೆ ಹಿಡಿದಿಟ್ಟು ಮೈಯ ಶಾಖ ಹೊರಹೋಗದಂತೆ ನೋಡಿಕೊಳ್ಳುತ್ತದೆ. ಅಲುಗದ ಗಾಳಿಗೆ ಹೋಲಿಸಿದರೆ ಗ್ರಾನೈಟಿನಂಥ ಕಲ್ಲಿನ ಉಷ್ಣವಾಹಕತೆ ಸುಮಾರು ನೂರು ಪಟ್ಟು. ಎಂದರೆ ಆ ನೆಲದ ಮೇಲೆ ಮಲಗಿದವನ ಶಾಖವನ್ನು ಕಲ್ಲು ಸತತವಾಗಿ ಹೀರುತ್ತಲೇ ಇರುತ್ತದೆ. ಹೊಟ್ಟೆಗೆ ಏನೂ ಇಲ್ಲದಾಗ ದೇಹ ಆ ಶಾಖವನ್ನು ಮತ್ತೆ ತುಂಬಿಕೊಳ್ಳುವುದಾದರೂ ಎಲ್ಲಿಂದ? ಚೀಲಕ್ಕಿಂತ ಸ್ಲೀಪಿಂಗ್ ಬ್ಯಾಗ್ ಕಿತ್ತುಕೊಂಡದ್ದೇ ಅವರಿಗೆ ಹೆಚ್ಚಿನ ಹಾನಿಯಾಗಿರಬೇಕು.

ಕೊನೆಗೊಮ್ಮೆ ಬಾಗಿಲು ತೆರೆಯಿತು. ಹೊರಟಿದ್ದ ಗೂಡ್ಸ್ ಗಾಡಿಯ ಗಾರ್ಡ್ ಡಬ್ಬಿಯೊಳಗೆ ಕೂಡಿಹಾಕಿ, ಇಪ್ಪತ್ತು ಗಂಟೆಯ ನಂತರ ಇಸ್ತಾಂಬುಲ್‌ನಲ್ಲಿ ಬಿಡುವುದಾಗಿ ಹೇಳಿದರು. ನೀನು ಭಾರತವೆಂಬ ಸ್ನೇಹಿತ ರಾಷ್ಟ್ರದವನು, ಅದಕ್ಕೆಂದೇ ಬಿಡುತ್ತಿದ್ದೇವೆ ಎಂಬರ್ಥದ ಮಾತನ್ನೂ ಕಾವಲುಗಾರ ಆಡಿದನಂತೆ. ಸ್ನೇಹಿತರನ್ನೇ ಹೀಗೆ ನಡೆಸಿಕೊಂಡವರು ಶತ್ರುಗಳನ್ನು ಹೇಗೆ ನಡೆಸಿಕೊಂಡಾರು ಎಂಬ ಯೋಚನೆ ಆ ಗಾಡಿಯಲ್ಲಿ ಅವರ ಜೊತೆಗಿತ್ತು. ಅಲ್ಲಿಯವರೆಗೆ ಎಡಪಂಥದತ್ತ ಒಲಿದಿದ್ದ ತಮ್ಮ ಮನಸ್ಸು ಉದ್ಯಮ ಸ್ಥಾಪನೆಯ ಕಡೆ ತಿರುಗಿದ್ದು ಅಲ್ಲಿಂದಲೇ ಎಂದು ಅವರು ಹಲವು ಬಾರಿ ಹೇಳಿದ್ದಾರೆ. 1981ರಲ್ಲಿ ಆರು ಮಂದಿ ಜೊತೆಗಾರರೊಂದಿಗೆ, ಶಿಗ್ಗಾವಿಯಲ್ಲಿ ಹುಟ್ಟಿದ ಪತ್ನಿ ಸುಧಾ ಅವರು ಕೊಟ್ಟ ಹತ್ತು ಸಾವಿರ ರೂಪಾಯಿಯಿಂದ, ಇನ್ಫೋಸಿಸ್ ಆರಂಭವಾದ ಕತೆ ಎಲ್ಲರಿಗೂ ಗೊತ್ತಿರುವುದೇ.

ಕೀರ್ತಿವಂತರಾದ ಮೇಲೆ ಹೇಳಿದ ಕತೆಯಾದ್ದರಿಂದ ಇದು ರೋಚಕವೆನಿಸುತ್ತದೆ. ಆದರೆ ಆ ಹುಡುಗಿಯ ಗತಿ ಏನಾಯಿತೆಂಬುದು ಈ ಕತೆಯಲ್ಲಿಲ್ಲ. ಉಕ್ಕಿನ ಪರದೆಯ ಆಚೆ ಪರದೇಶದವರ ಜೊತೆಗಿನ ನಾಲ್ಕು ಮಾತಿಗೂ ಬೆಲೆ ತೆರಬೇಕಿತ್ತು.

ಇಂದು ಪ್ಯಾರಿಸ್ಸಿನಿಂದ ಸೋಫಿಯಾಕ್ಕೆ ವಿಮಾನದಲ್ಲಿ ಹೋಗುವ ವಿದ್ಯಾರ್ಥಿಗೆ ಗಡಿಯ ಪಾಸ್‌ಪೋರ್ಟ್ ಸಾಲೇ ಸಿಗದಿರಬಹುದು. 1985ರ ಜೂನ್ 14ರಂದು ಲಕ್ಸೆಂಬರ್ಗಿನ ಶೆಂಗೆನ್ ಎಂಬ ಪುಟ್ಟ ಊರಿನ ಬಳಿ, ಮೊಸೆಲ್ ನದಿಯಲ್ಲಿ ನಿಂತ ಹಡಗಿನಲ್ಲಿ ಐದು ದೇಶಗಳು ಒಂದು ಒಪ್ಪಂದಕ್ಕೆ ರುಜು ಹಾಕಿದವು: ತಮ್ಮ ನಡುವಿನ ಗಡಿಗಳಲ್ಲಿ ತಪಾಸಣೆ ಬೇಡ. ಅದು ಜಾರಿಗೆ ಬಂದದ್ದು ಹತ್ತು ವರ್ಷಗಳ ನಂತರ, 1995ರ ಮಾರ್ಚ್ 26ರಂದು. ಈಗ 29 ದೇಶಗಳು ಈ ಕೂಟದಲ್ಲಿವೆ. ಬಲ್ಗೇರಿಯ 2025ರ ಜನವರಿ 1ರಿಂದ ಪೂರ್ಣ ಸದಸ್ಯ, 2026ರ ಜನವರಿ 1ರಿಂದ ಅಲ್ಲಿ ಯೂರೋ ನಾಣ್ಯವೇ ಚಲಾವಣೆಯಲ್ಲಿದೆ. ಸರ್ಬಿಯಾ ಮಾತ್ರ ಇನ್ನೂ ಹೊರಗಿದೆ. ಹೀಗಾಗಿ ನಿಶ್‌ನಿಂದ ಸೋಫಿಯಾಕ್ಕೆ ಹೋಗುವವನು ಇಂದಿಗೂ ಗಡಿಯಲ್ಲಿ ನಿಂತು ಕಾಗದಪತ್ರ ತೋರಿಸಲೇಬೇಕು.

ಜರ್ಮನಿಯಲ್ಲೋ ಫ್ರಾನ್ಸಿನಲ್ಲೋ ಓದುವವನ ಬಳಿ ಆ ದೇಶದ ವಾಸದ ಪರವಾನಗಿ ಇದ್ದರೆ, ಶೆಂಗೆನ್ ಕೂಟದ ಉಳಿದ ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನದವರೆಗೆ ತಿರುಗಾಡಬಹುದು. ಬೇರೆ ವೀಸಾ ಬೇಕಿಲ್ಲ. ಆದರೆ ಗಡಿಯಲ್ಲಿ ತಪಾಸಣೆಯಿಲ್ಲ ಎಂದರೆ ಪಾಸ್‌ಪೋರ್ಟ್ ಕೋಣೆಯಲ್ಲೇ ಬಿಟ್ಟು ಹೋಗಬಹುದು ಎಂದಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರುಮಾಡಿತು. ರೈಲು, ಬಸ್ಸುಗಳೊಳಗೆ ಪೊಲೀಸರು ಬಂದು ಕೇಳುವುದುಂಟು. ಇನ್ನು ಇಂಗ್ಲೆಂಡು, ಐರ್ಲೆಂಡುಗಳು ಎಂದೂ ಈ ಕೂಟದ ಗಡಿರಹಿತ ವಲಯಕ್ಕೆ ಸೇರಿದವಲ್ಲ. ಆಕ್ಸ್‌ಫರ್ಡಿನಲ್ಲಿ ಓದುವ ಭಾರತದ ಹುಡುಗಿ ಎರಡು ದಿನಕ್ಕೆ ಪ್ಯಾರಿಸ್ ನೋಡಬೇಕೆಂದರೂ ವಾರಗಳ ಮೊದಲೇ ವೀಸಾಕ್ಕೆ ಅರ್ಜಿ ಹಾಕಬೇಕು. ಮನಸ್ಸಿಗೆ ಬಂದ ಕೂಡಲೇ ಹೊರಡುವ ಸುಖ ಅವಳಿಗಿಲ್ಲ.

ಉಳಿದವರಿಗೆ ಆ ಸುಖವನ್ನು ಒದಗಿಸುವುದು ಚಂದ್ರ ಎಂದರೆ ಆಶ್ಚರ್ಯವಾದೀತು. ಯುಗಾದಿಯಂತೆ ಈಸ್ಟರ್ ಕೂಡ ಚಂದ್ರನನ್ನು ನೋಡಿ ಗೊತ್ತುಮಾಡುವ ಹಬ್ಬ. ಮಾರ್ಚ್ 21ರ ನಂತರದ ಹುಣ್ಣಿಮೆ ಕಳೆದು ಬರುವ ಮೊದಲ ಭಾನುವಾರವೇ ಈಸ್ಟರ್. ಅದರ ಮಾರನೆಯ ಸೋಮವಾರ ರಜೆ; ಜರ್ಮನಿಯಲ್ಲಿ ಹಿಂದಿನ ಶುಕ್ರವಾರವೂ ರಜೆ. ಈಸ್ಟರ್ ಆಗಿ 39ನೆಯ ದಿನ ಇನ್ನೊಂದು ಹಬ್ಬ, ಅದು ಯಾವಾಗಲೂ ಗುರುವಾರ. ಗುರುವಾರ ರಜೆ, ಶನಿವಾರ ಭಾನುವಾರ ರಜೆ. ನಡುವಿನ ಶುಕ್ರವಾರವನ್ನು ಜರ್ಮನರು ‘ಸೇತುವೆ ದಿನ’ ಎನ್ನುತ್ತಾರೆ. ಆ ಒಂದು ದಿನ ತರಗತಿ ಇಲ್ಲದಿದ್ದರೆ ನಾಲ್ಕು ದಿನದ ಸೂಟಿ! ಇಲ್ಲಿನ ಮೇಷ್ಟ್ರುಗಳೂ ಮಕ್ಕಳೂ ಪಂಚಾಂಗ ಹಿಡಿದು ಮಾಡುವ ಲೆಕ್ಕವೇ ಅಲ್ಲಿಯೂ ನಡೆಯುತ್ತದೆ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ, ಸೇತುವೆಯ ಗುರುವಾರ ಮೇ 6ಕ್ಕೆ.

ಆ ಮಾರ್ಚ್ 28ರಲ್ಲಿ ಇನ್ನೊಂದು ಮೋಜಿದೆ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಬೆಳಗಿನ ಜಾವ ಯುರೋಪಿನ ಗಡಿಯಾರಗಳನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ. ಬರ್ಲಿನ್ನಿನಲ್ಲಿ ಎರಡು ಗಂಟೆ ಹೊಡೆಯುವ ಬದಲು ಮೂರಾಗುತ್ತದೆ. 2024ರಲ್ಲೂ ಹೀಗೆಯೇ ಈಸ್ಟರ್ ಮತ್ತು ಗಡಿಯಾರದ ದಿನ ಒಂದೇ ಆಗಿತ್ತು. ಮೊಬೈಲ್ ತಾನಾಗಿಯೇ ಸರಿಹೋಗುತ್ತದೆ. ಕೋಣೆಯ ಗೋಡೆ ಗಡಿಯಾರ ನೋಡಿಕೊಂಡು ನಿಲ್ದಾಣಕ್ಕೆ ಹೋದವನ ರೈಲು ಮಾತ್ರ ಹೊರಟುಹೋಗಿರುತ್ತದೆ.

ಹಣದ ಮಾತು ಬಿಡುವಂತಿಲ್ಲ. ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ತಡೆಹಿಡಿದ ಖಾತೆಯಲ್ಲಿ ವರ್ಷಕ್ಕೆ 11,904 ಯೂರೋ ತೋರಿಸಬೇಕೆಂಬ ನಿಯಮ 2024ರ ಸೆಪ್ಟೆಂಬರ್‌ನಲ್ಲಿ ಬಂತು. ತಿಂಗಳಿಗೆ ಕೈಗೆ ಸಿಗುವುದು 992 ಯೂರೋ, ಅದರಲ್ಲೇ ಬಾಡಿಗೆ, ವಿಮೆ, ಊಟ. ಆದ್ದರಿಂದ ಅಗ್ಗದ ದಾರಿ ಹುಡುಕುವುದೂ ಓದಿನಷ್ಟೇ ಮುಖ್ಯ. 2023ರ ಮೇ ತಿಂಗಳಲ್ಲಿ 49 ಯೂರೋ ದರದಲ್ಲಿ ಶುರುವಾದ ಜರ್ಮನಿಯ ಮಾಸಿಕ ಪಾಸಿನ ಬೆಲೆ ಆಮೇಲೆ ಏರಿದೆ. ಆದರೂ ದೇಶದ ಎಲ್ಲ ಪ್ರಾದೇಶಿಕ ರೈಲುಗಳಲ್ಲಿ, ಊರ ಬಸ್ಸುಗಳಲ್ಲಿ ಅದು ನಡೆಯುತ್ತದೆ. ವೇಗದ ರೈಲುಗಳಲ್ಲಿ ನಡೆಯುವುದಿಲ್ಲ, ಇದನ್ನು ಮರೆತು ಹತ್ತಿದರೆ ದಂಡ. ಅಲ್ಲಿನ ನಿಲ್ದಾಣಗಳಿಗೆ ಗೇಟು ಇರುವುದಿಲ್ಲ, ಯಾರೂ ತಡೆಯುವುದಿಲ್ಲ; ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದರೆ 60 ಯೂರೋ. ಬಾದಾಮಿಗೆ ಹೋದಂತೆ ಹೋಗಲಿಕ್ಕಾಗದು. ಹಲವು ದೇಶ ಸುತ್ತಲು 1972ರಲ್ಲಿ ಯುವಜನರಿಗೆಂದು ಶುರುವಾದ ಇಂಟರ್‌ರೈಲ್ ಪಾಸ್ ಇದೆ. ಯುರೋಪಿನ ನಿವಾಸಿಗಳಿಗೆ ಅದು, ಹೊರಗಿನಿಂದ ಪ್ರವಾಸಕ್ಕೆ ಬಂದವರಿಗೆ ಯೂರೈಲ್. ಅಲ್ಲಿ ವಾಸವಾಗಿರುವ ವಿದ್ಯಾರ್ಥಿ ಕೇಳಬೇಕಾದದ್ದು ಮೊದಲನೆಯದನ್ನು.

ನಿಶ್‌ನಲ್ಲಿ ಮೂರ್ತಿಯವರನ್ನು ಉಪವಾಸ ಕೆಡವಿದ ಭಾನುವಾರ ಮಾತ್ರ ಈಗಲೂ ಪೂರ್ತಿ ಬದಲಾಗಿಲ್ಲ. ಜರ್ಮನಿಯಲ್ಲಿ ಭಾನುವಾರ ಕಿರಾಣಿ ಅಂಗಡಿಗಳು ಕಾನೂನಿನಂತೆಯೇ ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣದ ಅಂಗಡಿಗಳು, ಪೆಟ್ರೋಲ್ ಬಂಕುಗಳಷ್ಟೇ ಗತಿ. ಸಣ್ಣ ಊರಿನಲ್ಲಿ ಇಳಿದ ಶಾಕಾಹಾರಿ ಹುಡುಗ ಶನಿವಾರ ಸಂಜೆಯೇ ಬ್ರೆಡ್ಡು, ಹಣ್ಣು ಕೊಂಡಿಟ್ಟುಕೊಳ್ಳಬೇಕು. ಕಾರ್ಡ್ ಇದ್ದರೂ ಐವತ್ತು ಯೂರೋ ನೋಟು ಬೇರೆ ಜೇಬಿನಲ್ಲಿರಲಿ. ಹೊರಡುವ ಮೊದಲು ಹಾಸ್ಟೆಲಿನ ಒಬ್ಬರಿಗಾದರೂ ಊರಿನ ಹೆಸರು, ಮರಳುವ ರೈಲಿನ ಹೊತ್ತು ಹೇಳಿರಬೇಕು. ಅಪಾಯಕ್ಕೆ ಒದಗುವ ಫೋನು ಸಂಖ್ಯೆ ಅಲ್ಲಿಯೂ ಇಲ್ಲಿಯೂ ಒಂದೇ, 112. ಇಷ್ಟಾದ ಮೇಲೆ ತಂದೆ ತಾಯಿ ಬೇಡವೆನ್ನುವುದರಲ್ಲಿ ಅರ್ಥವಿಲ್ಲ. ಪರವಾನಗಿಯೂ ಪಾಸೂ ಕೈಯಲ್ಲಿರುವಾಗ ಎರಡು ವರ್ಷವೂ ಗ್ರಂಥಾಲಯ ಮತ್ತು ಅಡುಗೆಮನೆಯ ನಡುವೆಯೇ ಕಳೆದು ಬಂದರೆ ಸಾಲದ ದುಡ್ಡಿನಲ್ಲಿ ಅರ್ಧವನ್ನು ಅಲ್ಲಿಯೇ ಬಿಟ್ಟು ಬಂದಂತೆ.

ಯಾವ ತಿಂಗಳು ಹೋಗಬೇಕು ಎಂಬುದನ್ನು ಭೂಗೋಳದ ಪಾಠವೇ ಹೇಳುತ್ತದೆ. ಹೊಳೆಆಲೂರು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರಿನ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗೆ ಕಡಿಮೆಯಾಗುವುದಿಲ್ಲ. ಬರ್ಲಿನ್ 52 ಡಿಗ್ರಿಗೂ ಮೇಲೆ. ಭೂಮಿಯ ಅಕ್ಷ ಇಪ್ಪತ್ತಮೂರೂವರೆ ಡಿಗ್ರಿ ವಾಲಿರುವುದರಿಂದ ಅಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಯೂ ಇಲ್ಲ, ಜೂನಿನದು ಹದಿನೇಳು ಗಂಟೆಗೆ ಸಮೀಪ. ಹೊಳೆಆಲೂರಿನಲ್ಲಿ ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿ ತಾಯಿ ಫೋನು ಮಾಡಿದರೆ ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕೂವರೆ, ಆಗಲೇ ಕತ್ತಲು. ಮಗ ತಿರುಗಾಟ ಮುಗಿಸಿ ಕೋಣೆ ಸೇರಿರಬೇಕು. ಜೂನಿನಲ್ಲಿ ಅದೇ ಒಂಬತ್ತಕ್ಕೆ ಮಾಡಿದರೆ ಅಲ್ಲಿ ಐದೂವರೆ, ಸೂರ್ಯ ಮುಳುಗಲು ಇನ್ನೂ ನಾಲ್ಕು ಗಂಟೆ ಬಾಕಿ. ಆ ಹೊತ್ತಿಗೆ ಫೋನು ಎತ್ತದಿದ್ದರೆ ಗಾಬರಿಯಾಗಬೇಕಿಲ್ಲ. ಊರು ನೋಡುತ್ತ ಎಲ್ಲೋ ಹೊರಗಿದ್ದಾನೆ.