ಹಳೆಯ ಡೀಸೆಲ್ ಕಾರು ಕುದಿಯುವುದೇಕೆ?

ನಮ್ಮ ಸಂಘದ ಸದಸ್ಯರ ಪೈಕಿ ಹಲವರ ಶೆಡ್ಡಿನಲ್ಲಿ ಇಂದಿಗೂ ಡೀಸೆಲ್ ಅಂಬಾಸಿಡರ್ ಕಾರು ಇದೆ. ಹೊಸ ವಾಹನ ಕೊಂಡವರು ಸಹ ಇದನ್ನು ಮಾರಲು ಮನಸ್ಸು ಮಾಡಿಲ್ಲ. ಅಡಿಕೆ ಮೂಟೆ ಸಾಗಿಸುವುದಕ್ಕೂ, ಮಳೆಗಾಲದ ನಡುರಾತ್ರಿಯಲ್ಲಿ ಹೆರಿಗೆ ನೋವಿನ ಹೆಣ್ಣುಮಗಳನ್ನು ಪೇಟೆಯ ಆಸ್ಪತ್ರೆಗೆ ಮುಟ್ಟಿಸುವುದಕ್ಕೂ ಒದಗುವುದು ಇದೇ ಗಾಡಿ. ಆದರೆ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 2014ರಲ್ಲಿ ಈ ಕಾರಿನ ತಯಾರಿಕೆ ನಿಂತುಹೋಯಿತು. ಈಗ ಇಂಜಿನ್ನಿನ ಹೆಡ್ಡು ಬಿರುಕು ಬಿಟ್ಟರೆ ಇನ್ನೊಂದು ಸಿಗುವುದು ಗುಜರಿ ಅಂಗಡಿಯವರ ದಯೆಯಿಂದ. ನಾವು ಕಂಡಮಟ್ಟಿಗೆ ಈ 1489 ಸಿ.ಸಿ. ಇಂಜಿನ್ನುಗಳಲ್ಲಿ ಹೆಚ್ಚಿನವು ಕೆಟ್ಟಿರುವುದು ನೀರು ಕುದಿದ ಕಾರಣದಿಂದಲೇ. ಆದ್ದರಿಂದ ಕೊಯ್ಲಿನ ಓಡಾಟ ಆರಂಭವಾಗುವ ಮುನ್ನ ಈ ಬಗ್ಗೆ ನಾಲ್ಕು ವಿಚಾರಗಳನ್ನು ಸದಸ್ಯರ ಗಮನಕ್ಕೆ ತರುವುದು ಉಚಿತವೆಂದು ಭಾವಿಸಿದ್ದೇವೆ. ಹಳೆಯ ಡೀಸೆಲ್ ಜೀಪುಗಳಿಗೂ ಇವು ಬಹುಪಾಲು ಅನ್ವಯಿಸುತ್ತವೆ.

ಉರಿದ ಡೀಸೆಲಿನ ಶಾಖದಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ. ಉಳಿದುದರಲ್ಲಿ ಒಂದಷ್ಟು ಹೊಗೆಯೊಂದಿಗೆ ಹೋಗುತ್ತದೆ, ಇನ್ನೊಂದಷ್ಟನ್ನು ನೀರು ಹೊತ್ತೊಯ್ದು ರೇಡಿಯೇಟರಿನಲ್ಲಿ ಗಾಳಿಗೆ ಬಿಡಬೇಕು. ನಮ್ಮ ಎತ್ತರದಲ್ಲಿ ಇದಕ್ಕೊಂದು ತೊಡಕಿದೆ. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಮಡಿಕೇರಿಯಲ್ಲಿ ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಇದನ್ನು ತಡೆಯುವುದು ರೇಡಿಯೇಟರಿನ ಮುಚ್ಚಳ. ಅಡಿಗೆಮನೆಯ ಕುಕ್ಕರಿನಂತೆ ಅದು ಒತ್ತಡ ಹಿಡಿದಿಡುತ್ತದೆ. ಚದರ ಇಂಚಿಗೆ 7 ಪೌಂಡ್ ಒತ್ತಡ ಹಿಡಿದರೆ ಕುದಿಯುವ ಬಿಂದು 10-12 ಡಿಗ್ರಿ ಮೇಲೇರುತ್ತದೆ. ಮುಚ್ಚಳದ ರಬ್ಬರು ಒಣಗಿ ಸೀಳಿದ್ದರೆ ಈ ಲಾಭವೆಲ್ಲ ಹೋಯಿತು. ದೋಷ ಹುಡುಕುವಾಗ ಅತಿ ಅಗ್ಗದ ಈ ಭಾಗವನ್ನೇ ಮೊದಲು ನೋಡಬೇಕು. ಹಾಗೆಂದು ಹೆಚ್ಚು ಒತ್ತಡದ ಮುಚ್ಚಳ ತಂದು ಹಾಕಬಾರದು. ಹಳೆಯ ರೇಡಿಯೇಟರಿನ ಬೆಸುಗೆ ಬಿಟ್ಟುಕೊಳ್ಳುತ್ತದೆ.

ಗಾಡಿ ನಿಜವಾಗಿ ಕಾಯುತ್ತಿದೆಯೇ ಎಂಬುದನ್ನೂ ಮೊದಲೇ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಹಳೆಯ ಮೀಟರುಗಳ ಮಾತನ್ನು ಪೂರ್ತಿ ನಂಬುವಂತಿಲ್ಲ. ತಣ್ಣಗಿರುವಾಗಲೇ ಮುಚ್ಚಳ ತೆಗೆದು, ಗಾಜಿನ ಥರ್ಮಾಮೀಟರನ್ನು ನೀರಿನಲ್ಲಿ ಇಳಿಬಿಟ್ಟು, ಇಂಜಿನ್ ಚಾಲೂ ಮಾಡಿ ಎರಡನ್ನೂ ಹೋಲಿಸಿ ನೋಡಬಹುದು. ಏರಿನಲ್ಲಿ ಮೇಲಿದ್ದ ಮುಳ್ಳು ಥಟ್ಟನೆ ಕೆಳಗೆ ಬಿದ್ದರೆ ನೆಮ್ಮದಿಪಡುವಂತಿಲ್ಲ. ನೀರು ಕಡಿಮೆಯಾಗಿ, ಶಾಖ ಅಳೆಯುವ ಬಲ್ಬು ಬರಿಯ ಗಾಳಿಯಲ್ಲಿ ನಿಂತಾಗಲೂ ಮುಳ್ಳು ಹೀಗೆಯೇ ಇಳಿಯುತ್ತದೆ. ಆಗ ಕೂಡಲೇ ಗಾಡಿ ನಿಲ್ಲಿಸಬೇಕು.

ಮುಂದಿನ ಪ್ರಶ್ನೆ, ನೀರು ಕಡಿಮೆಯಾಗುತ್ತಿದೆಯೇ ಇಲ್ಲವೇ ಎಂಬುದು. ರಾತ್ರಿ ಗಾಡಿಯ ಅಡಿಗೆ ಹಳೆಯ ಪತ್ರಿಕೆ ಹಾಸಿ ಬೆಳಿಗ್ಗೆ ನೋಡಿದರೆ ಸೋರಿಕೆಯ ಜಾಗ ಗೊತ್ತಾಗುತ್ತದೆ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಿಂದ ನೀರು ಜಿನುಗಿದರೆ ಪಂಪಿನ ಸೀಲು ಮುಗಿದಿದೆ ಎಂದರ್ಥ. ಆ ತೂತನ್ನು ಮುಚ್ಚುವ ಜಾಣತನ ಬೇಡ. ಹೋಸ್ ಪೈಪಿನ ಸಂದುಗಳನ್ನೂ, ಬ್ಲಾಕಿನ ಪಕ್ಕದಲ್ಲಿ ಬಡಿದು ಕೂರಿಸಿರುವ ದುಂಡನೆಯ ತಗಡಿನ ಬಿಲ್ಲೆಗಳನ್ನೂ ಪರೀಕ್ಷಿಸಬೇಕು. ರೇಡಿಯೇಟರು ಸೋರಿದಾಗ ಅರಿಸಿನ ಪುಡಿ ಸುರಿಯುವ ರೂಢಿ ನಮ್ಮಲ್ಲಿದೆ. ಮನೆ ಮುಟ್ಟಲು ಅದು ಸಹಾಯ ಮಾಡೀತು, ಆದರೆ ತೂತು ಮುಚ್ಚುವ ಪುಡಿ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ. ಈ ಕಾರಿನ ಹಳೆಯ ರೇಡಿಯೇಟರು ತಾಮ್ರ ಹಿತ್ತಾಳೆಯದು, ಬೆಸುಗೆ ಒಪ್ಪುತ್ತದೆ. ಬೆಸುಗೆ ಹಾಕಿಸುವುದೇ ಸರಿಯಾದ ದಾರಿ.

ಹೊರಗೆ ಎಲ್ಲಿಯೂ ಸೋರದೆ ನೀರು ಮಾತ್ರ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಸಂಶಯ ಹೋಗಬೇಕು. ಡೀಸೆಲ್ ಇಂಜಿನ್ನಿನಲ್ಲಿ ಗಾಳಿಯನ್ನು ಇಪ್ಪತ್ತು ಪಾಲಿಗೂ ಮೀರಿ ಅದುಮುವುದರಿಂದ ಕೂದಲೆಳೆಯ ಸಂದು ಸಿಕ್ಕರೂ ಅನಿಲ ನೀರಿಗೆ ನುಗ್ಗುತ್ತದೆ. ಪರೀಕ್ಷೆ ಕಷ್ಟವಲ್ಲ. ಬೆಳಿಗ್ಗೆ ತಣ್ಣಗಿರುವಾಗ ಫ್ಯಾನ್ ಬೆಲ್ಟು ಕಳಚಿ, ರೇಡಿಯೇಟರಿಗೆ ಬಾಯಿಮಟ್ಟ ನೀರು ತುಂಬಿ, ಮುಚ್ಚಳ ಹಾಕದೆ ಇಂಜಿನ್ ಚಾಲೂ ಮಾಡಬೇಕು. ಪಂಪು ತಿರುಗದಿದ್ದರೂ ನೀರಿನಲ್ಲಿ ಒಂದೇ ಸಮನೆ ಗುಳ್ಳೆ ಏಳುತ್ತಿದ್ದರೆ ಅವು ಸಿಲಿಂಡರಿನಿಂದಲೇ ಬಂದವು. ಒಂದು ನಿಮಿಷಕ್ಕಿಂತ ಹೆಚ್ಚು ಓಡಿಸಬಾರದು. ಆಯಿಲ್ ಕಡ್ಡಿ ಎಳೆದಾಗ ಆಯಿಲು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೂ ಇದೇ ರೋಗ. (ಮಳೆಗಾಲದಲ್ಲಿ ಬರಿಯ ಸಣ್ಣಪುಟ್ಟ ಓಡಾಟ ಮಾಡಿದ ಗಾಡಿಯಲ್ಲಿ ಆಯಿಲ್ ಮುಚ್ಚಳದ ಒಳಗಡೆ ತುಸು ಬಿಳಿ ನೊರೆ ಕಾಣುವುದುಂಟು. ಅದು ಹಬೆ ತಣಿದು ಆದದ್ದು. ಕಡ್ಡಿಯಲ್ಲಿ ಆಯಿಲು ಸ್ವಚ್ಛವಿದ್ದರೆ ಗಾಬರಿ ಬೇಡ.)

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ನೀರು ಹೀಗೆ ಒಳಗೆ ಹೋಗುತ್ತಿರುವ ಗಾಡಿ ಒಂದು ಬೆಳಿಗ್ಗೆ ಸೆಲ್ಫ್ ಹೊಡೆದರೆ ಟಕ್ ಎಂದು ನಿಂತುಬಿಡಬಹುದು. ಬ್ಯಾಟರಿ ಇಳಿದಿದೆಯೆಂದು ತಿಳಿದು ಆಳುಗಳನ್ನು ಕರೆದು ತೋಟದ ಇಳಿಜಾರಿನಲ್ಲಿ ತಳ್ಳಿಸುವುದು ನಮ್ಮೆಲ್ಲರ ಅಭ್ಯಾಸ. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಪಿಸ್ಟನ್ ಅದನ್ನು ಅದುಮಲಾರದು. ಗಾಡಿಯ ಭಾರಕ್ಕೆ ಕನೆಕ್ಟಿಂಗ್ ರಾಡು ಬಾಗುತ್ತದೆ. ಸಂಶಯವಿದ್ದಾಗ ನಾಲ್ಕೂ ಇಂಜೆಕ್ಟರ್ ಬಿಚ್ಚಿಸಿ, ಬಗ್ಗಿ ನೋಡದೆ ದೂರ ನಿಂತು ಇಂಜಿನ್ ತಿರುಗಿಸಿದರೆ ನೀರು ಚಿಮ್ಮಿ ಹೊರಬರುತ್ತದೆ.

ನೀರು ಇಳಿಯದೆ ಕಾಯುತ್ತಿದ್ದರೆ ವಿಚಾರ ಬೇರೆ. ಘಾಟಿಯ ಏರಿನಲ್ಲಿ ಸಣ್ಣ ಗೇರಿನಲ್ಲಿ ಹೋಗುವಾಗ ಮಾತ್ರ ಕಾದು, ಬಯಲಿನಲ್ಲಿ ಸರಿಹೋದರೆ ಗಾಳಿಯ ಕೊರತೆಯನ್ನು ಸಂಶಯಿಸಬೇಕು. ಬಯಲಿನಲ್ಲಿ ಜೋರಾಗಿ ಓಡಿಸಿದಾಗ ಕಾದರೆ ಬಹುಮಟ್ಟಿಗೆ ನೀರಿನ ಓಟಕ್ಕೆ ಅಡ್ಡಿಯಿದೆ. ಗಾಳಿಯ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಬೆಲ್ಟು. ಬೆರಳಿನಿಂದ ಒತ್ತಿದಾಗ ಸುಮಾರು ಅರ್ಧ ಇಂಚು ಬಗ್ಗಬೇಕು. ಡೈನಮೋ ತಿರುಗಿಸುವುದೂ ಅದೇ ಬೆಲ್ಟಾದ್ದರಿಂದ ಚಾರ್ಜಿಂಗಿನ ಕೆಂಪು ದೀಪ ಹತ್ತಿ ಮುಳ್ಳೂ ಮೇಲೇರಿದರೆ ಬೆಲ್ಟು ಹರಿದಿದೆ ಎಂದೇ ತಿಳಿಯಬಹುದು. ಅನಂತರ ರೇಡಿಯೇಟರಿನ ಮೈ. ಹುಲ್ಲಿನ ಬೀಜ, ಹುಳು, ಅಡಿಕೆ ಸಿಪ್ಪೆಯ ನಾರು, ಕೆಮ್ಮಣ್ಣು ಇವೆಲ್ಲ ಎಣ್ಣೆಯ ಪಸೆಯೊಂದಿಗೆ ಸೇರಿ ಗೋಡೆಯಂತೆ ಕಟ್ಟಿಕೊಂಡಿರುತ್ತವೆ. ಇಂಜಿನ್ನಿನ ಕಡೆಯಿಂದ ಮುಂದಕ್ಕೆ ಮೆಲ್ಲನೆ ನೀರು ಹಾಯಿಸಿ ತೊಳೆಯಬೇಕು. ಬೋರ್ಡೋ ಸಿಂಪಡಿಸುವ ಪಂಪನ್ನು ಇದಕ್ಕೆ ಬಳಸುವವರಿದ್ದಾರೆ. ಆ ರಭಸಕ್ಕೆ ತೆಳುವಾದ ರೆಕ್ಕೆಗಳು ಮಡಚಿಕೊಳ್ಳುತ್ತವೆ, ಪೈಪಿನಲ್ಲಿ ಉಳಿದ ಮೈಲುತುತ್ತವೂ ಲೋಹಕ್ಕೆ ಒಳ್ಳೆಯದಲ್ಲ.

ನೀರಿನ ಓಟಕ್ಕೆ ಅಡ್ಡಿಯಿದ್ದರೆ, ಬಿಸಿಯಾದ ಇಂಜಿನ್ ನಿಲ್ಲಿಸಿ ರೇಡಿಯೇಟರಿನ ಮೈಯನ್ನು ಕೈಯಿಂದ ಎಚ್ಚರಿಕೆಯಾಗಿ ಮುಟ್ಟಿ ನೋಡಬೇಕು. ನಡುನಡುವೆ ತಣ್ಣಗಿರುವ ಜಾಗದಲ್ಲಿ ಕೊಳವೆ ಕಟ್ಟಿದೆ. ಕೆಳಗಿನ ಹೋಸ್ ಪೈಪು ಮೆತ್ತಗಾಗಿದ್ದರೆ ಪಂಪಿನ ಸೆಳೆತಕ್ಕೆ ಒಳಕ್ಕೆ ಚಪ್ಪಟೆಯಾಗುವುದೂ ಉಂಟು. ನಿಂತಾಗ ನೋಡಿದರೆ ಇದು ಕಾಣದು, ಯಾರಾದರೂ ಆಕ್ಸಿಲರೇಟರ್ ಒತ್ತಿದಾಗ ನೋಡಬೇಕು. ಬ್ರೇಕು ಹಿಡಿದುಕೊಂಡಿರುವುದು, ಡೀಸೆಲ್ ಪಂಪಿನ ಟೈಮಿಂಗ್ ತಪ್ಪಿರುವುದು ಸಹ ಗಾಡಿಯನ್ನು ಕಾಯಿಸಬಲ್ಲವು. ಅದು ಮೆಕ್ಯಾನಿಕ್ಕಿನ ಕೆಲಸ.

ಥರ್ಮೋಸ್ಟಾಟಿನ ಬಗ್ಗೆ ನಮ್ಮ ಅಭಿಪ್ರಾಯ ಅನೇಕ ಮೆಕ್ಯಾನಿಕ್ಕರಿಗೆ ಹಿಡಿಸದು. ಕಾದ ಗಾಡಿ ಗ್ಯಾರೇಜಿಗೆ ಹೋದೊಡನೆ ಅದನ್ನು ಕಿತ್ತು ಬಿಸಾಡುವುದು ವಾಡಿಕೆಯಾಗಿದೆ. ಡೀಸೆಲ್ ಇಂಜಿನ್ ಮೊದಲೇ ನಿಧಾನವಾಗಿ ಬಿಸಿಯಾಗುವಂಥದು. ಥರ್ಮೋಸ್ಟಾಟ್ ಇಲ್ಲದಿದ್ದರೆ ನಮ್ಮ ಚಳಿಗಾಲದ ಮುಂಜಾನೆ ಬಹಳ ಹೊತ್ತು ತಣ್ಣಗೇ ಓಡಿ ಬಿಳಿ ಹೊಗೆ ಕಾರುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಒಲೆಯ ಮೇಲೆ ಪಾತ್ರೆಯಲ್ಲಿ ನೀರಿಟ್ಟು, ಅದನ್ನು ದಾರದಲ್ಲಿ ತಳ ಮುಟ್ಟದಂತೆ ಇಳಿಬಿಟ್ಟು, ಅದರ ಮೇಲೆ ಕೆತ್ತಿರುವ ಡಿಗ್ರಿಯ ಆಸುಪಾಸಿನಲ್ಲಿ ತೆರೆಯುತ್ತದೆಯೇ ನೋಡಿದರಾಯಿತು. ತೆರೆಯದಿದ್ದರೆ ಹೊಸದನ್ನು ಹಾಕಿಸುವುದು.

ದಾರಿಯಲ್ಲಿ ಮುಳ್ಳು ಏರಿದರೆ ಗಾಡಿಯನ್ನು ಬದಿಗೆ ನಿಲ್ಲಿಸಿ. ಬೆಲ್ಟು ಸರಿಯಿದ್ದು ನೀರು ಚೆಲ್ಲದಿದ್ದರೆ ಒಂದೆರಡು ನಿಮಿಷ ಇಂಜಿನ್ನನ್ನು ನಿಧಾನವಾಗಿ ಓಡಬಿಟ್ಟು ಆಮೇಲೆ ನಿಲ್ಲಿಸಬಹುದು. ಹಬೆ ಏಳುತ್ತಿದ್ದರೆ ಕೂಡಲೇ ನಿಲ್ಲಿಸಬೇಕು. ಮುಚ್ಚಳಕ್ಕೆ ಅರ್ಧ ಗಂಟೆಯಾದರೂ ಕೈ ಹಾಕಬಾರದು. ಒತ್ತಡದಲ್ಲಿರುವ ನೀರು ಮುಚ್ಚಳ ಸಡಿಲಿಸಿದ ಕ್ಷಣದಲ್ಲೇ ಹಬೆಯಾಗಿ ಮುಖಕ್ಕೆ ಹಾರುತ್ತದೆ. ಕಾದ ಬೀಡಿನ ಮೇಲೆ ಹಳ್ಳದ ತಣ್ಣೀರು ಸುರಿದರೆ ಬಿರುಕು ಖಂಡಿತವೆಂದೇ ತಿಳಿಯಬೇಕು. ಡ್ರೈವರುಗಳಿಗೆ ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಒಮ್ಮೆ ಮಾಡಿ ತೋರಿಸಬೇಕು.

ಬರಿಯ ನೀರಿನ ಬದಲು ಕೂಲಂಟ್ ಬೆರೆಸಿದರೆ ತುಕ್ಕು ಹಿಡಿಯುವುದು ಕಡಿಮೆಯಾಗುತ್ತದೆ. ಬೆರೆಸುವ ನೀರು ಬೋರ್‌ವೆಲ್ಲಿನದಾಗದೆ ಬ್ಯಾಟರಿಗೆ ಹಾಕುವಂಥದಾಗಿರಲಿ. ಹಳೆಯ ಕೂಲಂಟನ್ನು ಅಂಗಳದಲ್ಲಿ ಬಿಡಲೇಬಾರದು. ಅದರಲ್ಲಿರುವ ಗ್ಲೈಕಾಲ್ ಸಿಹಿಯಾಗಿದ್ದು ನಾಯಿ, ದನಕರುಗಳು ನೆಕ್ಕುತ್ತವೆ. ಅದು ಮೂತ್ರಪಿಂಡ ಕೆಡಿಸುವ ವಿಷ. ಮಕ್ಕಳಿರುವ ಲೈನ್ ಮನೆಗಳ ಹತ್ತಿರವಂತೂ ಡಬ್ಬಿ ತೆರೆದಿಡಬಾರದು.

ಮೇಲೆ ಹೇಳಿದ ಪರೀಕ್ಷೆಗೆ ಬೇಕಾಗುವ ಗಾಜಿನ ಥರ್ಮಾಮೀಟರ್ ಒಂದನ್ನು ಸಂಘದ ಕಚೇರಿಯಲ್ಲಿ ಇರಿಸಿದ್ದೇವೆ. ಬೇಕಾದ ಸದಸ್ಯರು ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಬಹುದು. ಎರಡು ದಿನಗಳೊಳಗೆ ಹಿಂದಿರುಗಿಸಬೇಕಾಗಿ ಕೋರಿಕೆ.