ಲೇಖಣಿಯನ್ನು ನೆಚ್ಚಿದವರ ಜೀವನೋಪಾಯ

ಕನ್ನಡದಲ್ಲಿ ಚೆನ್ನಾಗಿ ಬರೆಯಬಲ್ಲ ತರುಣ ತರುಣಿಯರಿಗೆ ನಮ್ಮ ನಾಡಿನಲ್ಲಿ ಕೊರತೆಯಿಲ್ಲ. ಆದರೆ ಅವರಲ್ಲಿ ಯಾರಾದರೊಬ್ಬರು ಯಾವ ಕಚೇರಿಯ ನೌಕರಿಯನ್ನೂ ಹಿಡಿಯದೆ ಸ್ವತಂತ್ರವಾಗಿ ಬರೆದೇ ಬದುಕುವೆನೆಂದು ಹೇಳಿದರೆ, ಮನೆಯ ಹಿರಿಯರು ಮೊದಲು ಕೇಳುವ ಪ್ರಶ್ನೆ ‘ಹೊಟ್ಟೆಗೇನು ಮಾಡುವಿ?’ ಎಂಬುದು. ಹೀಗೆ ಕೇಳುವವರು ಸಾಹಿತ್ಯದ ದ್ವೇಷಿಗಳಲ್ಲ, ಲೋಕಾನುಭವವುಳ್ಳವರು. ಅವರ ಪ್ರಶ್ನೆಯನ್ನು ಅರಸಿಕರ ಮಾತೆಂದು ತಳ್ಳಿಹಾಕುವುದು ಸುಲಭ. ಅದಕ್ಕೆ ಸಮರ್ಪಕವಾದ ಉತ್ತರವನ್ನು ಕೊಡುವುದು ಕಷ್ಟ. ೨೦೧೧ರ ಜನಗಣತಿಯಂತೆ ೪ ಕೋಟಿ ೩೭ ಲಕ್ಷ ಜನರಿಗೆ ಮಾತೃಭಾಷೆಯಾಗಿರುವ ಕನ್ನಡದಲ್ಲಿ ಬರವಣಿಗೆಯು ಬದುಕಿಗಾಗುವ ಉದ್ಯೋಗವಾಗಲಾರದೆ? ಆಗಬೇಕಾದರೆ ಬರೆಯುವವನು ಮಾಡತಕ್ಕದ್ದೇನು, ಬರೆಯಿಸುವವರು ಮಾಡತಕ್ಕದ್ದೇನು? ಈ ವಿಷಯವನ್ನು ಇಂದು ವಾಚಕರ ವಿಚಾರಕ್ಕೆ ತರಬಯಸುತ್ತೇವೆ.

ಲೇಖಕನಿಗೆ ಆಶ್ರಯ ಬೇಕೆಂಬುದು ನಮ್ಮಲ್ಲಿ ಹೊಸ ಮಾತಲ್ಲ. ಹತ್ತನೆಯ ಶತಮಾನದಲ್ಲಿ ಪಂಪನಿಗೆ ಅರಿಕೇಸರಿಯು ಧರ್ಮಪುರವೆಂಬ ಅಗ್ರಹಾರವನ್ನು ಕೊಟ್ಟನು. ಅದೇ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆ ಪುಣ್ಯಕಾರ್ಯವನ್ನು ಹೊಗಳುವಾಗ, ಓಲೆಯ ಮೇಲೆ ಕಂಟವನ್ನು ಹಿಡಿದು ಆ ಸಾವಿರ ಪ್ರತಿಗಳನ್ನು ಬರೆದ ಕೈಗಳನ್ನು ಯಾರೂ ನೆನೆಯುವುದಿಲ್ಲ. ಕವಿಯ ಹೆಸರು ಉಳಿದಿದೆ. ದಾನಿಯ ಹೆಸರು ಉಳಿದಿದೆ. ಲಿಪಿಕಾರರು ಮಾತ್ರ ಮರೆಯಾಗಿದ್ದಾರೆ. ನಾವು ಇಂದು ಹೇಳಹೊರಟಿರುವುದು ಮುಖ್ಯವಾಗಿ ಈ ಮರೆಯಾದವರ ಸಂತತಿಯ ವಿಷಯವನ್ನೇ. ಮಹಾಕವಿಗೆ ಎಂದಾದರೊಂದು ದಿನ ಮನ್ನಣೆ ದೊರೆತೀತು. ನಾಡಿನ ದಿನನಿತ್ಯದ ಬರೆಹವನ್ನು ಒದಗಿಸುವ ಸಾಮಾನ್ಯ ಲೇಖಕನಿಗೆ ಮನ್ನಣೆಗಿಂತ ಮೊದಲು ಬೇಕಾದುದು ಎಡೆಬಿಡದ ಕೆಲಸ.

ಅರಸರ ಆಶ್ರಯದ ಕಾಲ ಕಳೆದು ಅಚ್ಚುಕೂಟಗಳ ಕಾಲ ಬಂದಾಗ ನಮ್ಮ ಹಿರಿಯರು ಕೈಕಟ್ಟಿ ಕುಳಿತಿರಲಿಲ್ಲ. ೧೮೬೯ರಲ್ಲಿ ಹುಟ್ಟಿ ೧೯೪೨ರಲ್ಲಿ ತೀರಿಕೊಂಡ ಗಳಗನಾಥರು ತಾವು ಬರೆದ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕಾದಂಬರಿ ಬರೆದವರು ಹೊರೆ ಹೊರಬೇಕಾಯಿತಲ್ಲ ಎಂದು ಮರುಗುವವರುಂಟು. ಮರುಕ ಸಹಜವೇ, ಆದರೆ ಅದರಲ್ಲಿಯ ಪಾಠವನ್ನು ಮರೆಯಬಾರದು. ಕನ್ನಡಕ್ಕೆ ಓದುಗರಿಲ್ಲವೆಂದು ಗೊಣಗುತ್ತ ಕೂರದೆ ಅವರು ಓದುಗರ ಮನೆಯ ಬಾಗಿಲಿಗೆ ಹೋದರು. ೧೯೩೩ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ಇನ್ನೊಂದು ಉಪಾಯವನ್ನು ತೋರಿಸಿತು. ಚಂದಾದಾರರಿಂದ ವರ್ಷದ ಹಣವನ್ನು ಮುಂಗಡವಾಗಿ ಪಡೆದು ಪುಸ್ತಕಗಳನ್ನು ಒದಗಿಸುವ ಆ ಕ್ರಮದಿಂದ, ಪುಸ್ತಕವು ಅಚ್ಚಾಗುವುದಕ್ಕೆ ಮೊದಲೇ ಅದನ್ನು ಕೊಳ್ಳುವವರು ಸಿದ್ಧರಾಗಿರುತ್ತಿದ್ದರು. ಅನಕೃ ಅವರು ಬರವಣಿಗೆಯನ್ನೇ ವೃತ್ತಿಯಾಗಿಸಿಕೊಂಡು ನೂರಕ್ಕೂ ಮೇಲ್ಪಟ್ಟು ಕಾದಂಬರಿಗಳನ್ನು ಬರೆದರು. ಶಿವರಾಮ ಕಾರಂತರು ಕಾದಂಬರಿಗಳನ್ನು ಬರೆದಂತೆಯೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನೂ ಸಾಮಾನ್ಯ ಓದುಗರಿಗಾಗಿ ‘ವಿಜ್ಞಾನ ಪ್ರಪಂಚ’ವನ್ನೂ ಸಿದ್ಧಪಡಿಸಿದರು.

ಈ ನಾಲ್ವರ ಪ್ರತಿಭೆ ಬೇರೆ ಬೇರೆ, ಮಾರ್ಗ ಬೇರೆ ಬೇರೆ. ಒಂದು ಗುಣ ಮಾತ್ರ ಸಮಾನ. ತಮ್ಮ ಕೆಲಸವು ಯಾರಿಗೆ ಬೇಕು ಎಂಬುದನ್ನು ಅವರು ಅರಿತಿದ್ದರು, ಆ ‘ಯಾರು’ ಎಂಬವರನ್ನು ತಾವಾಗಿಯೇ ಹುಡುಕಿಕೊಂಡು ಹೋದರು. ಇಂದಿನ ಸ್ವತಂತ್ರ ಲೇಖಕನು ಕಲಿಯಬೇಕಾದ ಮೊದಲನೆಯ ವಿದ್ಯೆ ಇದೇ ಎಂದು ನಮ್ಮ ಅಭಿಪ್ರಾಯ.

ಹಾಗಾದರೆ ಇಂದು ಕನ್ನಡದ ಬರೆಹವು ಯಾರಿಗೆ ಬೇಕು? ಪುಸ್ತಕದ ಓದುಗರಿಗೆ ಮಾತ್ರವೆಂದು ತಿಳಿದರೆ ಕ್ಷೇತ್ರವು ಬಹಳ ಕಿರಿದಾದೀತು. ಕಾರ್ಖಾನೆಯ ಸುರಕ್ಷತಾ ಸೂಚನೆ, ಬ್ಯಾಂಕಿನ ಸಾಲದ ಕರಾರು, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಯು ರುಜು ಹಾಕಬೇಕಾದ ಒಪ್ಪಿಗೆಪತ್ರ, ಮೊಬೈಲಿನ ಆ್ಯಪ್, ಜಾಹೀರಾತು, ಧಾರಾವಾಹಿಯ ಸಂಭಾಷಣೆ, ಬೇರೆ ಭಾಷೆಯಿಂದ ಡಬ್ ಆಗಿ ಬರುವ ಚಿತ್ರದ ಮಾತು, ಸಹಕಾರಿ ಸಂಘದ ವಾರ್ಷಿಕ ವರದಿ, ಶಾಲೆಯ ಶತಮಾನೋತ್ಸವದ ಸ್ಮರಣಸಂಚಿಕೆ, ಹಿರಿಯರೊಬ್ಬರ ಜೀವನವೃತ್ತಾಂತ ಇವೆಲ್ಲವನ್ನೂ ಯಾರಾದರೊಬ್ಬರು ಬರೆಯಲೇಬೇಕು. ಭಾಷಾಂತರಕ್ಕೆ ಸಂಸ್ಥೆಗಳೂ ಇವೆ. ಬೆಂಗಳೂರಿನ ಕುವೆಂಪು ಭಾಷಾ ಭಾರತಿ ಪ್ರಾಧಿಕಾರ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ೨೦೦೮ರಲ್ಲಿ ಹುಟ್ಟಿದ ರಾಷ್ಟ್ರೀಯ ಅನುವಾದ ಮಿಷನ್, ಸಾಹಿತ್ಯ ಅಕಾಡೆಮಿ, ನ್ಯಾಷನಲ್ ಬುಕ್ ಟ್ರಸ್ಟ್ ಇವು ಭಾಷಾಂತರಕಾರರಿಂದ ಕೆಲಸ ಮಾಡಿಸುವ ಸಂಸ್ಥೆಗಳು. ಸಾಹಿತಿಯೆನ್ನಿಸಿಕೊಳ್ಳಬೇಕೆಂಬವನಿಗೆ ಒಪ್ಪಿಗೆಪತ್ರವನ್ನು ಬರೆಯುವುದು ಹಗುರವಾದ ಕೆಲಸವೆಂದು ತೋರಬಹುದು. ಆದರೆ ತನ್ನ ದೇಹಕ್ಕೆ ಏನು ಮಾಡುವರೆಂಬುದನ್ನು ರೈತನೊಬ್ಬನು ತನ್ನ ನುಡಿಯಲ್ಲಿ ಓದಿ ತಿಳಿಯುವಂತೆ ಮಾಡುವ ನಾಲ್ಕು ಸಾಲುಗಳು, ಯಾರೂ ಓದದ ನಾನೂರು ಪುಟಗಳಿಗಿಂತ ದೊಡ್ಡ ದೇಶಸೇವೆಯಲ್ಲವೆ?

ಕ್ಷೇತ್ರವನ್ನು ಕಂಡ ಮೇಲೆ ಗಿರಾಕಿಯನ್ನು ಕಾಣುವುದು. ಇಲ್ಲಿ ನಮ್ಮ ತರುಣರು ಎಡವುವುದು ಬಹಳ. ‘ನಾನು ಎಲ್ಲವನ್ನೂ ಬರೆಯಬಲ್ಲೆ’ ಎನ್ನುವವನನ್ನು ಯಾವ ಕೆಲಸಕ್ಕೂ ಯಾರೂ ನೆನೆಸಿಕೊಳ್ಳುವುದಿಲ್ಲ. ‘ಕೃಷಿಯ ವಿಷಯವನ್ನು ತಿಳಿಯಾಗಿ ಬರೆಯುವವರು ಇವರು’ ಎಂದು ಹೆಸರಾದವನನ್ನು ಬೀಜದ ಸಂಸ್ಥೆಯೂ ಸಹಕಾರಿ ಸಂಘವೂ ಪತ್ರಿಕೆಯೂ ಹುಡುಕಿಕೊಂಡು ಬರುತ್ತವೆ. ಆದುದರಿಂದ ತಾನು ಓದಿದ, ಅಥವಾ ತನ್ನ ಮನೆತನದ ಕಸುಬಿನಿಂದ ತಿಳಿದ, ಒಂದೆರಡು ವಿಷಯಗಳನ್ನು ಮೊದಲು ಆರಿಸಿಕೊಳ್ಳಬೇಕು. ಆ ವಿಷಯದಲ್ಲಿ ಮೂರು ನಾಲ್ಕು ಮಾದರಿಯ ಬರೆಹಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಸಂಸ್ಥೆಯ ವಿಳಾಸಕ್ಕೆ ಸುಮ್ಮನೆ ಅರ್ಜಿ ಹಾಕುವುದಕ್ಕಿಂತ, ಅಲ್ಲಿ ಬರೆಹವನ್ನು ಮಾಡಿಸುವ ಅಧಿಕಾರವುಳ್ಳವರು ಯಾರೆಂದು ವಿಚಾರಿಸಿ, ಅವರ ಈಗಿನ ಕನ್ನಡ ಪತ್ರಕದಲ್ಲಿ ಓದುಗನಿಗೆ ಅರ್ಥವಾಗದ ಭಾಗವೊಂದನ್ನು ತಿದ್ದಿ ತೋರಿಸಿದರೆ ಸಾವಿರ ಮಾತಿನ ಕೆಲಸ ಒಂದು ಹಾಳೆಯಲ್ಲಿ ಆದೀತು.

ಹೊಸ ಗಿರಾಕಿಯನ್ನು ಹುಡುಕುವುದಕ್ಕಿಂತಲೂ ಬಂದವರನ್ನು ಉಳಿಸಿಕೊಳ್ಳುವುದು ಮುಖ್ಯ. ಹೇಳಿದ ದಿನಕ್ಕೆ ಹೇಳಿದ ಬರೆಹವನ್ನು ಕೊಡುವವನು, ಅಸಾಧಾರಣ ಪ್ರತಿಭೆಯಿದ್ದೂ ಕಾಯಿಸುವವನಿಗಿಂತ ಹೆಚ್ಚು ಕಾಲ ಬಾಳುತ್ತಾನೆ. ಒಮ್ಮೆ ಕೆಲಸ ಮಾಡಿಸಿದ ಸಂಸ್ಥೆಯೊಡನೆ ತಿಂಗಳಿಗಿಷ್ಟು ಬರೆಹ, ತಿಂಗಳಿಗಿಷ್ಟು ಹಣ ಎಂಬ ಏರ್ಪಾಡನ್ನು ಮಾಡಿಕೊಂಡರೆ ಗ್ರಂಥಮಾಲೆಯ ಚಂದಾದಾರನು ಪ್ರಕಾಶಕನಿಗೆ ಕೊಟ್ಟ ನೆಮ್ಮದಿಯೇ ಲೇಖಕನಿಗೂ ದೊರೆಯುತ್ತದೆ. ಆದರೆ ಒಂದೇ ಬಾವಿಯನ್ನು ನಂಬಿ ತೋಟ ಹಾಕಬಾರದು. ಒಬ್ಬನೇ ಗಿರಾಕಿಯಿಂದ ಆದಾಯವೆಲ್ಲ ಬರುವುದಾದರೆ ಅದು ನೌಕರಿಯೇ. ನೌಕರನಿಗಿರುವ ರಜೆಯೂ ಭವಿಷ್ಯನಿಧಿಯೂ ಇಲ್ಲದ ನೌಕರಿ. ಮೂರು ನಾಲ್ಕು ಮಂದಿ ಸ್ಥಿರವಾದ ಗಿರಾಕಿಗಳಿದ್ದು, ಒಬ್ಬರು ಕೈಬಿಟ್ಟರೂ ಒಲೆ ಆರದಂತೆ ವ್ಯವಸ್ಥೆಯಿರಬೇಕು. ನೌಕರಿಯಲ್ಲಿರುವವರು ಬರೆಹವನ್ನೇ ನೆಚ್ಚಬಯಸಿದರೆ, ಇಂಥ ವ್ಯವಸ್ಥೆ ಕೈಗೂಡುವವರೆಗೆ ರಾಜೀನಾಮೆಯನ್ನು ತಡೆದಿಡುವುದು ಲೇಸು.

ಇನ್ನು ದರದ ಮಾತು. ಉಪನೋಂದಣಾಧಿಕಾರಿಯ ಕಚೇರಿಯ ಮುಂದೆ ಕುಳಿತ ದಸ್ತಾವೇಜು ಬರಹಗಾರನನ್ನು ನೋಡಿರಿ. ಕ್ರಯಪತ್ರವೊಂದನ್ನು ಬರೆದುಕೊಟ್ಟು ತನ್ನ ಶುಲ್ಕವನ್ನು ನಿಸ್ಸಂಕೋಚವಾಗಿ ಕೇಳಿ ಪಡೆಯುತ್ತಾನೆ, ಕೊಡುವವನಿಗೂ ಬೇಸರವಿಲ್ಲ. ಅದೇ ಮನುಷ್ಯನ ಮನೆತನದ ಚರಿತ್ರೆಯನ್ನು ಆರು ತಿಂಗಳು ದುಡಿದು ಬರೆದ ಲೇಖಕನು ಹಣವೆಂದೊಡನೆ ತಲೆ ತಗ್ಗಿಸುತ್ತಾನೆ. ಕಾರಣವು ನಮ್ಮ ಮಾತಿನಲ್ಲಿಯೇ ಇದೆ. ಬಡಗಿಗೆ ಕೊಡುವುದು ಕೂಲಿ, ವಕೀಲನಿಗೆ ಕೊಡುವುದು ಶುಲ್ಕ. ಲೇಖಕನಿಗೆ ಕೊಡುವುದು ಮಾತ್ರ ‘ಗೌರವಧನ’, ‘ಸಂಭಾವನೆ’. ಗೌರವವೆಂದ ಮೇಲೆ ಎಷ್ಟು ಎಂದು ಕೇಳುವುದು ಅನುಚಿತ. ಯಾವಾಗ ಎಂದು ಕೇಳುವುದು ಇನ್ನೂ ಅನುಚಿತ. ಈ ಸವಿಮಾತಿನ ಮರೆಯಲ್ಲಿ ಎಷ್ಟು ಬರೆಹವು ಬಿಟ್ಟಿಯಾಗಿ ಹೋಯಿತೋ ಲೆಕ್ಕವಿಟ್ಟವರಿಲ್ಲ. ಕಾಯಕವನ್ನು ಕೈಲಾಸವೆಂದ ನಾಡು ಇದು. ಕಾಯಕವೆಂದರೆ ಬಿಟ್ಟಿಯ ದುಡಿಮೆಯೆಂದು ಶರಣರು ತಿಳಿದಿರಲಿಲ್ಲ. ನ್ಯಾಯವಾದ ಪ್ರತಿಫಲದಿಂದ ಬಂದ ದುಡಿಮೆಯಲ್ಲಿಯೇ ದಾಸೋಹವೂ ನಡೆಯುತ್ತಿತ್ತು. ಆದುದರಿಂದ ಲೇಖಕನು ಕೆಲಸವನ್ನು ಒಪ್ಪುವ ಮೊದಲೇ ದರವನ್ನು ಹೇಳಬೇಕು, ಅದನ್ನು ಬರೆಹದಲ್ಲಿ ಪಡೆಯಬೇಕು, ದೊಡ್ಡ ಕೆಲಸಕ್ಕೆ ಮುಂಗಡವನ್ನು ಕೇಳಬೇಕು, ತಿದ್ದುಪಡಿ ಎಷ್ಟು ಸಲವೆಂಬುದನ್ನೂ ಗೊತ್ತುಪಡಿಸಿಕೊಳ್ಳಬೇಕು.

ಇದಕ್ಕೆ ಕಾನೂನಿನ ಬೆಂಬಲವಿದೆಯೆಂಬುದನ್ನು ಅನೇಕರು ಅರಿಯರು. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೧೯ನೆಯ ಪ್ರಕರಣದಂತೆ, ಲೇಖಕನು ತನ್ನ ಹಕ್ಕನ್ನು ಇನ್ನೊಬ್ಬರಿಗೆ ವಹಿಸಿಕೊಡಬೇಕಾದರೆ ಅದು ಲಿಖಿತವಾಗಿದ್ದು ಅವನ ರುಜು ಇರಬೇಕು, ಬಾಯಿಮಾತು ಸಾಲದು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಪ್ರತಿಫಲವೆಷ್ಟು ಎಂಬಿವನ್ನು ಅದರಲ್ಲಿ ಹೇಳಬೇಕು. ಕಾಲವನ್ನು ಹೇಳದಿದ್ದರೆ ೫ ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತದೊಳಗೆ ಮಾತ್ರವೆಂದೂ ಭಾವಿಸಲಾಗುತ್ತದೆ. ಹಣ ಬರುವುದು ತಡವಾದರೂ ಉಪಾಯವುಂಟು. ೨೦೦೬ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯಂತೆ, ನೋಂದಾಯಿತವಾದ ಸೂಕ್ಷ್ಮ ಉದ್ಯಮಕ್ಕೆ ಕೊಡಬೇಕಾದ ಹಣವನ್ನು, ಕರಾರಿನಲ್ಲಿ ಏನೇ ಇದ್ದರೂ, ೪೫ ದಿನಗಳನ್ನು ಮೀರಿ ನಿಲ್ಲಿಸಿಕೊಳ್ಳುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ಸೇವೆ ಒದಗಿಸುವವರೂ ಉದ್ಯಮ್ ಎಂಬ ಸರಕಾರದ ವ್ಯವಸ್ಥೆಯಲ್ಲಿ ಶುಲ್ಕವಿಲ್ಲದೆ ನೋಂದಾಯಿಸಿಕೊಳ್ಳಬಹುದು. ಜಗಳ ಬಂದ ಮೇಲೆ ನೋಂದಾಯಿಸಿದರೆ ಫಲವಿಲ್ಲ. ಕೆಲಸವನ್ನು ಒಪ್ಪುವ ಮೊದಲೇ ಮಾಡಿಸಿರಬೇಕು. ಬಿಲ್ಲನ್ನು ಬರೆದುಕೊಡುವುದೂ ಲೆಕ್ಕದ ಪುಸ್ತಕವನ್ನಿಡುವುದೂ ಸರಸ್ವತಿಗೆ ಅವಮಾನವಲ್ಲ.

ಯಂತ್ರಗಳು ಬಂದಿರುವಾಗ ಈ ಮಾತುಗಳೆಲ್ಲ ಏಕೆಂದು ಕೇಳುವವರಿದ್ದಾರೆ. ಗೂಗಲಿನ ಭಾಷಾಂತರ ಯಂತ್ರಕ್ಕೆ ೨೦೧೧ರಲ್ಲಿಯೇ ಕನ್ನಡ ಸೇರಿತು; ಅಲ್ಲಿಂದೀಚೆಗೆ ಬಂದ ಯಂತ್ರಗಳು ಪ್ರಬಂಧವನ್ನೇ ಬರೆದುಕೊಡುತ್ತವೆ. ಅಗ್ಗದ, ಗುಣಕ್ಕೆ ಬೆಲೆಯಿಲ್ಲದ ಬರೆಹದ ಕೆಲಸವನ್ನು ಇವು ಕಿತ್ತುಕೊಳ್ಳುತ್ತಿವೆಯೆಂಬುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಈಗ ಗಿರಾಕಿಯು ‘ಯಂತ್ರವು ಭಾಷಾಂತರ ಮಾಡಿಯಾಗಿದೆ, ನೀವು ಸ್ವಲ್ಪ ನೋಡಿಕೊಟ್ಟರಾಯಿತು’ ಎನ್ನುತ್ತಾನೆ. ನೋಡಿದರೆ ವ್ಯಾಕರಣ ಸರಿಯಾಗಿರುತ್ತದೆ, ಅರ್ಥವು ಅಡಿಮೇಲಾಗಿರುತ್ತದೆ. ಹೊಸದಾಗಿ ಬರೆಯುವುದಕ್ಕಿಂತ ತಿದ್ದುವುದೇ ಹೆಚ್ಚು ಶ್ರಮವಾಗುತ್ತದೆ. ಇಂಥ ಕೆಲಸಕ್ಕೆ ಪದದ ಲೆಕ್ಕದಲ್ಲಿ ದರವನ್ನು ಒಪ್ಪದೆ ಗಂಟೆಯ ಲೆಕ್ಕದಲ್ಲಿ ಒಪ್ಪುವುದು ಉಚಿತ. ಹಾಗೂ ಬೀದರಿನ ಮಾತು ಯಾವುದು, ಕುಂದಾಪುರದ ಮಾತು ಯಾವುದು, ವೃದ್ಧೆಯೊಬ್ಬಳಿಗೆ ಔಷಧದ ಕ್ರಮವನ್ನು ಹೇಗೆ ಹೇಳಿದರೆ ಹೆದರದೆ ಸೇವಿಸುವಳು ಎಂಬುದನ್ನು ಬಲ್ಲವನಿಗೆ, ತಪ್ಪಾದರೆ ತಾನು ಉತ್ತರ ಹೇಳುವೆನೆಂದು ಹೆಸರು ಹಾಕಬಲ್ಲವನಿಗೆ, ಕೆಲಸವು ಇನ್ನೂ ಉಂಟು.

ಕೊನೆಯದಾಗಿ ಬರೆಯಿಸುವವರ ಕರ್ತವ್ಯ. ಅಂಗಡಿಮುಂಗಟ್ಟುಗಳ ನಾಮಫಲಕದಲ್ಲಿ ಶೇಕಡಾ ೬೦ ಭಾಗ ಕನ್ನಡವಿರಬೇಕೆಂದು ನಮ್ಮ ವಿಧಾನಮಂಡಲವು ೨೦೨೪ರಲ್ಲಿ ವಿಧಿಸಿತು. ಒಳ್ಳೆಯದೇ. ಆದರೆ ಫಲಕದ ಹಲಗೆಗೆ ಹಣ, ಬಣ್ಣಕ್ಕೆ ಹಣ, ದೀಪಕ್ಕೆ ಹಣ ಕೊಟ್ಟವರು ಅದರ ಮೇಲಿನ ಕನ್ನಡವನ್ನು ಮಾತ್ರ ಯಾರಿಂದಲಾದರೂ ಬಿಟ್ಟಿಯಾಗಿ ಕೇಳಿ ಬರೆಯಿಸಿದರೆ, ತಪ್ಪುಗಳ ಆ ಫಲಕವು ಕನ್ನಡದ ಮಾನವನ್ನು ಬೀದಿಯಲ್ಲಿ ತೂಗುಹಾಕಿದಂತೆಯೇ ಸರಿ. ರಾಜ್ಯೋತ್ಸವದ ಚಪ್ಪರಕ್ಕೂ ಧ್ವನಿವರ್ಧಕಕ್ಕೂ ಬಾಡಿಗೆ ತೆತ್ತು, ಸ್ಮರಣಸಂಚಿಕೆಯ ಲೇಖಕರಿಗೆ ‘ಕನ್ನಡದ ಸೇವೆ’ಯೆಂದು ಹಾರವನ್ನು ಹಾಕಿ ಕಳಿಸುವ ಸಂಘಗಳೂ ಯೋಚಿಸಬೇಕು. ಪತ್ರಿಕೆಗಳೂ ಈ ಮಾತಿಗೆ ಹೊರತಲ್ಲ. ಹೊರಗಿನಿಂದ ಬಂದ ಲೇಖನಕ್ಕೆ ಕೊಡುವುದೆಷ್ಟು, ಕೊಡುವುದೆಂದು ಎಂಬುದನ್ನು ಅವು ಮೊದಲೇ ತಿಳಿಸುವುದು ನ್ಯಾಯ.

ಒಂದು ಭಾಷೆಯಲ್ಲಿ ಪ್ರೀತಿಯಿಂದ ಹಾಡುವವರಿದ್ದರೆ ಸಾಲದು. ಅದರಲ್ಲಿ ದುಡಿದು ಮಕ್ಕಳ ಶಾಲೆಯ ಶುಲ್ಕವನ್ನು ಕಟ್ಟಬಲ್ಲವರೂ ಇರಬೇಕು. ಅಂಥವರಿರುವವರೆಗೆ ಆ ಭಾಷೆಗೆ ಭಯವಿಲ್ಲ. ಲೇಖಣಿಯನ್ನು ನೆಚ್ಚಿ ಹೊರಟ ತರುಣರು ನಾಚಿಕೆಯನ್ನು ಬಿಟ್ಟು ತಮ್ಮ ದರವನ್ನು ಹೇಳಲಿ. ಕನ್ನಡಿಗರು ಚೌಕಾಸಿಯನ್ನು ಬಿಟ್ಟು ಅದನ್ನು ಸಕಾಲಕ್ಕೆ ಸಲ್ಲಿಸಲಿ. ‘ಹೊಟ್ಟೆಗೇನು ಮಾಡುವಿ?’ ಎಂಬ ಹಿರಿಯರ ಪ್ರಶ್ನೆಗೆ ಇದಕ್ಕಿಂತ ಬೇರೆಯಾದ ಉತ್ತರವು ನಮಗೆ ತೋರದು.