ಸೂಪರ್‌ಚಾರ್ಜ್ ಎಂಜಿನ್‌ನ ದೋಷಪತ್ತೆ

ವಾತಾವರಣದ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಗಾಳಿಯನ್ನು ಪಡೆಯುವ ಎಂಜಿನ್‌ಗಳಲ್ಲಿ ಇಂಧನ ಪೂರೈಕೆ ಮತ್ತು ವಿದ್ಯುನ್ಮಾನ ನಿಯಂತ್ರಣಕ್ಕೆ ಸಂಬಂಧಿಸಿದ ತೊಂದರೆಗಳ ಮೂಲವನ್ನು ಕಂಡುಹಿಡಿಯುವ ವಿಧಾನವನ್ನು ಸೂಪರ್‌ಚಾರ್ಜ್ ಎಂಜಿನ್‌ನ ದೋಷಪತ್ತೆ ಎನ್ನಲಾಗುತ್ತದೆ. ಗಾಳಿಯನ್ನು ಒತ್ತಿ ತುಂಬುವ ಯಂತ್ರವು ಎಂಜಿನ್‌ನ ಬೆಲ್ಟಿನಿಂದ ತಿರುಗಿದರೆ ಅದು ಸೂಪರ್‌ಚಾರ್ಜರ್, ಹೊಗೆಯ ರಭಸದಿಂದ ತಿರುಗಿದರೆ ಟರ್ಬೋಚಾರ್ಜರ್. ಮರ್ಸಿಡಿಸ್-ಬೆಂಜ್‌ನ ಕೊಂಪ್ರೆಸರ್ ಮಾದರಿಗಳಂತಹ ಬೆಲ್ಟ್ ಚಾಲಿತ ಕಾರುಗಳು ಭಾರತದಲ್ಲಿ ವಿರಳ. ರಾಯಚೂರು ನಗರ, ದೇವದುರ್ಗ, ಮಾನ್ವಿಯಂತಹ ಊರುಗಳ ರಸ್ತೆಗಳಲ್ಲಿ ಕಾಣಸಿಗುವುದು ಬಹುಮಟ್ಟಿಗೆ ಟರ್ಬೋ ಡೀಸೆಲ್ ವಾಹನಗಳು ಮತ್ತು ಇತ್ತೀಚಿನ ಟರ್ಬೋ ಪೆಟ್ರೋಲ್ ಕಾರುಗಳು. ಗಾಳಿ ತುಂಬುವ ಬಗೆ ಬೇರೆಯಾದರೂ ದೋಷ ಹುಡುಕುವ ತರ್ಕ ಹೆಚ್ಚುಕಡಿಮೆ ಒಂದೇ.

== ದೋಷದ ಸ್ವರೂಪ ==

ಪೆಟ್ರೋಲ್ ಎಂಜಿನ್‌ನಲ್ಲಿ ಒಂದು ಭಾಗ ಇಂಧನವು ಪೂರ್ಣವಾಗಿ ದಹಿಸಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ನಿಯಂತ್ರಣ ಘಟಕವು ಇಂಧನವನ್ನು ನೇರವಾಗಿ ನಿರ್ಧರಿಸುವುದಿಲ್ಲ. ಒಳಬಂದ ಗಾಳಿಯನ್ನು ಮೊದಲು ಅಳೆದು, ಅದಕ್ಕೆ ತಕ್ಕ ಇಂಧನವನ್ನು ಲೆಕ್ಕ ಹಾಕುತ್ತದೆ. ಆದ್ದರಿಂದ ಇಂಧನದ ದೋಷದಂತೆ ತೋರುವ ಅನೇಕ ತೊಂದರೆಗಳು ವಾಸ್ತವವಾಗಿ ಗಾಳಿಯ ಅಥವಾ ಅಳತೆಯ ದೋಷಗಳಾಗಿರುತ್ತವೆ. "ಪಿಕಪ್ ಇಲ್ಲ" ಎಂಬ ದೂರು ಬಂದೊಡನೆ ಇಂಜೆಕ್ಟರ್ ಅಥವಾ ಪಂಪನ್ನು ಬದಲಿಸುವ ರೂಢಿ ದುಬಾರಿಯಾಗುವುದು ಇದೇ ಕಾರಣದಿಂದ.

ಸಾಮಾನ್ಯ ಎಂಜಿನ್‌ನಲ್ಲಿ ಇಂಧನ ಸ್ವಲ್ಪ ಕಡಿಮೆಯಾದರೆ ಎಳೆತ ಕುಗ್ಗುತ್ತದೆ, ಅಷ್ಟೇ. ಒತ್ತಡದ ಗಾಳಿ ತುಂಬಿದ ಪೆಟ್ರೋಲ್ ಎಂಜಿನ್‌ನಲ್ಲಿ ಅದೇ ಕೊರತೆಯಿಂದ ಸಿಲಿಂಡರಿನೊಳಗೆ ಅಕಾಲಿಕ ಸ್ಫೋಟವಾಗಿ, ಪಿಸ್ಟನ್ನಿನ ತಲೆ ಕರಗಬಹುದು ಅಥವಾ ಒಡೆಯಬಹುದು. ಡೀಸೆಲ್‌ನಲ್ಲಿ ಅಪಾಯವು ತಿರುವುಮುರುವು. ಅಲ್ಲಿ ಇಂಧನದ ಕೊರತೆ ಹಾನಿಕರವಲ್ಲ. ಗಾಳಿ ಕಡಿಮೆಯಾಗಿ ಇಂಧನ ಹೆಚ್ಚಾದಾಗ ಕಪ್ಪು ಹೊಗೆ ಬರುತ್ತದೆ, ಹೊಗೆಯ ಉಷ್ಣಾಂಶ ಏರಿ ಟರ್ಬೋ ಬೆಂದುಹೋಗುತ್ತದೆ. ಪೆಟ್ರೋಲ್ ಕಾರಿನಲ್ಲಿ ಭಾರ ಹೊತ್ತಾಗ ಲೋಹ ಕುಟ್ಟಿದಂತಹ ಸದ್ದು ಬಂದರೆ, ಪರೀಕ್ಷೆಗೆಂದು ಮತ್ತೊಮ್ಮೆ ಪೂರ್ಣ ವೇಗದಲ್ಲಿ ಓಡಿಸಿ ನೋಡುವುದು ಸಲ್ಲದು.

== ಇಂಧನದ ಒತ್ತಡ ==

ಮರಳು ಕೊಳವೆಯುಳ್ಳ ಪೆಟ್ರೋಲ್ ವ್ಯವಸ್ಥೆಗಳಲ್ಲಿ ಒತ್ತಡ ನಿಯಂತ್ರಕವು ಒಂದು ತೆಳು ರಬ್ಬರ್ ಕೊಳವೆಯ ಮೂಲಕ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಜೋಡಣೆಯಾಗಿರುತ್ತದೆ. ಇಂಜೆಕ್ಟರಿನ ಎರಡೂ ಬದಿಯ ಒತ್ತಡಗಳ ಅಂತರ 3 ಬಾರ್ ಇರಬೇಕೆಂದುಕೊಳ್ಳೋಣ. ಮ್ಯಾನಿಫೋಲ್ಡ್‌ನಲ್ಲಿ 0.7 ಬಾರ್ ಹೆಚ್ಚುವರಿ ಒತ್ತಡ ಬಂದಾಗ ಇಂಧನದ ಒತ್ತಡ 3.7 ಬಾರ್‌ಗೆ ಏರಲೇಬೇಕು. ಆ ಪುಟ್ಟ ಕೊಳವೆ ಬಿರಿದು ಒತ್ತಡ 3 ಬಾರ್‌ನಲ್ಲೇ ನಿಂತರೆ ಅಂತರ 2.3 ಬಾರ್‌ಗೆ ಇಳಿಯುತ್ತದೆ. ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ ಇಂಧನ ಸುಮಾರು ಶೇ. 12ರಷ್ಟು ಕಡಿಮೆಯಾಗುತ್ತದೆ. ನಿಂತಲ್ಲೇ ಚಾಲೂ ಇರುವ ಎಂಜಿನ್‌ನಲ್ಲಿ ಈ ದೋಷ ಸುಲಭಕ್ಕೆ ಗಮನಕ್ಕೆ ಬರುವುದಿಲ್ಲ. ಹೀಗಾಗಿ ಇಂಧನದ ಒತ್ತಡವನ್ನು ಭಾರದ ಸ್ಥಿತಿಯಲ್ಲಿಯೇ ಅಳೆಯಬೇಕು. ಪಂಪಿಗೆ ಹೋಗುವ ವಿದ್ಯುತ್ ತಂತಿಯ ತುಕ್ಕು ಹಿಡಿದ ಜೋಡಣೆ, ಕಟ್ಟಿಕೊಂಡ ಫಿಲ್ಟರ್ ಇವೂ ಇದೇ ಲಕ್ಷಣವನ್ನು ತೋರುತ್ತವೆ. ಪಂಪು ಬದಲಿಸುವ ಮುನ್ನ ಅದಕ್ಕೆ ತಲುಪುತ್ತಿರುವ ವೋಲ್ಟೇಜನ್ನು ನೋಡುವುದು ಉಚಿತ.

== ಗಾಳಿಯ ಸೋರಿಕೆ ==

ಹೆಚ್ಚಿನ ದೂರುಗಳಿಗೆ ಮೂಲ ಇಲ್ಲಿದೆ. ಗಾಳಿಯ ಹರಿವನ್ನು ಅಳೆಯುವ ಸಂವೇದಕವು ಕಂಪ್ರೆಸರಿಗಿಂತ ಮೊದಲು ಇರುತ್ತದೆ. ಅನಂತರದ ಹೋಸ್ ಪೈಪು ಅಥವಾ ಇಂಟರ್‌ಕೂಲರ್ ಬಿರಿದಿದ್ದರೆ, ಅಳೆದ ಗಾಳಿಯ ಒಂದಂಶ ಹೊರಗೆ ಹೋಗುತ್ತದೆ. ಆದರೆ ಇಂಧನ ಮಾತ್ರ ಪೂರ್ತಿ ಲೆಕ್ಕದಂತೆ ಬೀಳುತ್ತದೆ. ಪರಿಣಾಮ ಕಪ್ಪು ಹೊಗೆ ಮತ್ತು ಮೈಲೇಜ್ ಕುಸಿತ. ಹರಿವಿನ ಬದಲು ಮ್ಯಾನಿಫೋಲ್ಡ್ ಒತ್ತಡವನ್ನಷ್ಟೇ ಅಳೆಯುವ ಎಂಜಿನ್‌ಗಳಲ್ಲಿ ಅದೇ ಬಿರುಕು ಹೊಗೆ ಬರಿಸುವುದಿಲ್ಲ, ಎಳೆತವನ್ನು ಮಾತ್ರ ಕುಗ್ಗಿಸುತ್ತದೆ. ಯಾವ ಬಗೆಯ ಅಳತೆ ಎಂಬುದನ್ನು ತಿಳಿಯದೆ ಲಕ್ಷಣವನ್ನು ಅರ್ಥೈಸಲಾಗದು.

ಹೋಸ್ ಪೈಪಿನ ಸುತ್ತ ಎಣ್ಣೆಯ ಜಿಡ್ಡು, ಆಕ್ಸಿಲರೇಟರ್ ಒತ್ತಿದಾಗ ಶಿಳ್ಳೆಯಂತಹ ಸದ್ದು ಸೋರಿಕೆಯ ಗುರುತುಗಳು. ಬೆಲ್ಟ್ ಚಾಲಿತ ಸೂಪರ್‌ಚಾರ್ಜರಿನಲ್ಲಿ ಇವುಗಳೊಂದಿಗೆ ಬೆಲ್ಟ್ ಜಾರುವುದು ಮತ್ತು ಬೈಪಾಸ್ ಕವಾಟ ತೆರೆದೇ ಉಳಿಯುವುದು ಎಂಬ ಇನ್ನೆರಡು ಕಾರಣಗಳಿವೆ.

== ಸ್ಕ್ಯಾನರ್ ಮತ್ತು ದೋಷಸಂಕೇತಗಳು ==

ಸ್ಕ್ಯಾನರ್ ತೋರುವ ಪಿ0299 ಗಾಳಿಯ ಒತ್ತಡ ಸಾಲದೆಂದೂ, ಪಿ0171 ಮಿಶ್ರಣದಲ್ಲಿ ಇಂಧನ ಕಡಿಮೆಯೆಂದೂ, ಪಿ0087 ಇಂಧನದ ಒತ್ತಡ ತೀರ ಕಡಿಮೆಯೆಂದೂ ಸೂಚಿಸುತ್ತವೆ. ಸಂಕೇತವು ಯಾವ ಅಳತೆ ಮಿತಿ ಮೀರಿತೆಂದು ಹೇಳುತ್ತದೆಯೇ ಹೊರತು ಯಾವ ಬಿಡಿಭಾಗ ಕೆಟ್ಟಿತೆಂದು ಹೇಳುವುದಿಲ್ಲ. ಇಂಧನ ತಿದ್ದುಪಡಿಯ ಶೇಕಡಾ ಪ್ರಮಾಣವು ಇದಕ್ಕಿಂತ ಉಪಯುಕ್ತ. ಎಂಜಿನ್ ನಿಂತಲ್ಲೇ ಓಡುವಾಗ ತಿದ್ದುಪಡಿ ಹೆಚ್ಚಿದ್ದು, ವೇಗ ಏರಿದಂತೆ ಸಹಜಕ್ಕೆ ಬಂದರೆ ಅಳೆಯದ ಗಾಳಿ ಒಳನುಗ್ಗುತ್ತಿದೆ ಎಂದರ್ಥ. ಮೊದಲು ಸಹಜವಾಗಿದ್ದು ಭಾರ ಹೆಚ್ಚಿದಂತೆ ಏರಿದರೆ ಇಂಧನ ಸಾಲುತ್ತಿಲ್ಲ, ಅಥವಾ ಗಾಳಿಯ ಹರಿವಿನ ಸಂವೇದಕ ಇರುವುದಕ್ಕಿಂತ ಕಡಿಮೆ ತೋರಿಸುತ್ತಿದೆ.

== ರಾಯಚೂರು ಜಿಲ್ಲೆಯ ಪರಿಸ್ಥಿತಿ ==

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಪ್ರದೇಶದಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. 42 ಡಿಗ್ರಿಯ ಗಾಳಿಯನ್ನು 1.7 ಪಟ್ಟು ಒತ್ತಿದರೆ, ಕಂಪ್ರೆಸರಿನ ದಕ್ಷತೆ ಶೇ. 65 ಎಂದು ಹಿಡಿದಲ್ಲಿ, ಅದು ಸುಮಾರು 120 ಡಿಗ್ರಿಗೆ ಕಾಯುತ್ತದೆ. ಅದನ್ನು ತಣಿಸುವ ಹೊಣೆ ಇಂಟರ್‌ಕೂಲರಿನದು. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ, ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುತ್ತದೆ. ಕೊಯ್ಲಿನ ಕಾಲದ ಹೊಟ್ಟು, ಧೂಳು, ಹತ್ತಿಯ ನಾರು ಇಂಟರ್‌ಕೂಲರಿನ ರೆಕ್ಕೆಗಳ ನಡುವೆ ಕಟ್ಟಿಕೊಂಡರೆ ಗಾಳಿ ತಣಿಯದು. ಅಂತಹ ಬಿಸಿ ಗಾಳಿಯನ್ನು ಕಂಡು ನಿಯಂತ್ರಣ ಘಟಕವು ಶಕ್ತಿಯನ್ನು ತಾನಾಗಿಯೇ ಇಳಿಸುತ್ತದೆ. ಬೆಳಿಗ್ಗೆ ಚೆನ್ನಾಗಿ ಓಡಿದ ವಾಹನ ಮಧ್ಯಾಹ್ನ ಮಂಕಾದರೆ ಮೊದಲು ಈ ರೆಕ್ಕೆಗಳನ್ನು ನೋಡಬೇಕು. ಕಾಗದದ ಏರ್ ಫಿಲ್ಟರನ್ನು ಕಂಪ್ರೆಸರ್ ಗಾಳಿಯಿಂದ ಜೋರಾಗಿ ಊದಿದರೆ ಹರಿಯುವ ಸಂಭವವಿದೆ. ಹರಿದ ಫಿಲ್ಟರಿನಿಂದ ನುಸುಳುವ ಧೂಳು ಸಂವೇದಕದ ಮೇಲೆ ಕೂತು ಅಳತೆ ಕೆಡಿಸುತ್ತದೆ, ಟರ್ಬೋದ ರೆಕ್ಕೆಗಳನ್ನೂ ಸವೆಸುತ್ತದೆ.

ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಬೇಕಾದ ಗಾಳಿಯ ಅನುಪಾತ ಸುಮಾರು 13.5. ಶುದ್ಧ ಪೆಟ್ರೋಲಿಗೆ ಹೊಂದಿಸಿದ ಹಳೆಯ ಕಾರಿನಲ್ಲಿ ತಿದ್ದುಪಡಿ ಶೇ. 8ರ ಆಸುಪಾಸಿಗೆ ಏರಿ ನಿಂತರೆ ಅದನ್ನು ಬಿಡಿಭಾಗದ ದೋಷವೆಂದು ಭಾವಿಸಬೇಕಿಲ್ಲ. ಆದರೆ ಎಥನಾಲ್ ನೀರನ್ನು ಹೀರುವುದರಿಂದ ಬಹುಕಾಲ ನಿಲ್ಲಿಸಿಟ್ಟ ಕಾರಿನ ಟ್ಯಾಂಕನ್ನು ಪರಿಶೀಲಿಸುವುದು ಅಗತ್ಯ.

== ಕಾಮನ್ ರೈಲ್ ಡೀಸೆಲ್ ==

ಇವುಗಳಲ್ಲಿ ಇಂಧನದ ಒತ್ತಡ ನೂರಾರು ಬಾರ್‌ನಿಂದ ಸಾವಿರಕ್ಕೂ ಮೀರಿರುತ್ತದೆ. ಎಂಜಿನ್ ಚಾಲೂ ಇರುವಾಗ ಕೊಳವೆಯನ್ನು ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮವನ್ನೇ ಸೀಳಿ ಒಳಹೋಗುತ್ತದೆ. ಹಳೆಯ ಡೀಸೆಲ್‌ಗಳಲ್ಲಿ ನಟ್ ಸಡಿಲಿಸಿ ಗಾಳಿ ತೆಗೆಯುತ್ತಿದ್ದ ಕ್ರಮ ಇಲ್ಲಿ ಪ್ರಾಣಾಪಾಯ. ಒತ್ತಡ ಏರದಿದ್ದಾಗ ಮೊದಲು ಡೀಸೆಲ್ ಫಿಲ್ಟರಿನ ತಳದ ನೀರನ್ನು ಬಸಿಯಬೇಕು. ಅನಂತರ ಎಲ್ಲ ಇಂಜೆಕ್ಟರುಗಳ ಮರಳು ಕೊಳವೆಗಳನ್ನು ಪ್ರತ್ಯೇಕ ಬಾಟಲಿಗಳಿಗೆ ಜೋಡಿಸಿ, ಒಂದೇ ಅವಧಿಯಲ್ಲಿ ಸಂಗ್ರಹವಾದ ಡೀಸೆಲನ್ನು ಹೋಲಿಸಬೇಕು. ಒಂದು ಬಾಟಲಿ ಮಾತ್ರ ಬೇಗ ತುಂಬಿದರೆ ಆ ಇಂಜೆಕ್ಟರ್ ಒಳಗೆ ಸೋರುತ್ತಿದೆ. ಎಲ್ಲವೂ ಸಮನಾಗಿ, ಮಿತವಾಗಿ ತುಂಬಿದರೆ ಶಂಕೆ ಅಧಿಕ ಒತ್ತಡದ ಪಂಪು ಅಥವಾ ಅದರ ನಿಯಂತ್ರಣ ಕವಾಟದತ್ತ ತಿರುಗುತ್ತದೆ.